ಸಹಿ ಹಾಕದವನ ಮೊದಲ ಸಹಿ

“ಕ್ಷಮಿಸಿ. ಈ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ.”

ಕರಾವಳಿ ಸಂಘದ ಸಭಾಂಗಣದಲ್ಲಿದ್ದವರೆಲ್ಲ ಇತ್ತ ತಿರುಗಿದರು. ಯಶ್ಮಿತಾ ಚಾಚಿದ ಪೆನ್ನು ಚಾಚಿದಂತೆಯೇ ಉಳಿಯಿತು.

ಎದುರಿಗಿದ್ದವನನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ಎತ್ತರದ ಆಳು, ಕಂಕುಳಲ್ಲಿ ಫೈಲು, ದೋಹಾದ ಬಿಸಿಲಿಗೆ ಕಂದಿದ ಮುಖ. ಕಣ್ಣುಗಳು ಮಾತ್ರ ಅಳುಕಿರಲಿಲ್ಲ. ನೇರವಾಗಿ ಅವಳನ್ನೇ ನೋಡುತ್ತಿದ್ದವು.

ಅರ್ಧ ಗಂಟೆಯ ಹಿಂದೆಯಷ್ಟೇ ಅವಳು ವೇದಿಕೆಯ ಮೇಲೆ ಮಾತಾಡಿದ್ದಳು. ಸಾಗರದಾಚೆಯ ದೊಡ್ಡ ದೇಶವೊಂದರ ಸಂಸತ್ತಿನಲ್ಲಿ ಮಸೂದೆಯೊಂದು ಮಂಡನೆಯಾಗಿತ್ತು. ಭಾರತ ಸರಕಾರ ತಮಗೆ ಮಣಿಯಲಿಲ್ಲವೆಂಬ ಸಿಟ್ಟಿಗೆ, ಭಾರತದ ಮೀನು, ಸಿಗಡಿಗಳನ್ನು ತಮ್ಮ ಬಂದರಿಗೆ ಬಿಡಬಾರದೆಂಬುದು ಅದರ ಸಾರ. ಸಂಸತ್ತಿನ ಸಮಿತಿಗೆ ಆಕ್ಷೇಪ ಸಲ್ಲಿಸಲು ಇನ್ನು ಒಂಬತ್ತು ದಿನಗಳಷ್ಟೇ ಇದ್ದವು.

“ನಮ್ಮ ಸರಕಾರಕ್ಕೆ ಬುದ್ಧಿ ಕಲಿಸ್ತಾರಂತೆ! ಕಲಿಸಲಿಕ್ಕೆ ಇವರು ಯಾರು?” ಎಂದು ಅವಳು ಕೇಳಿದ್ದಳು. “ಮಲ್ಪೆಯಲ್ಲಿ ನನ್ನ ಅಮ್ಮ ಇಪ್ಪತ್ತು ವರ್ಷದಿಂದ ಸಿಗಡಿ ಸುಲಿಯುತ್ತಿದ್ದಾರೆ. ಐಸಿನಲ್ಲಿ ಅವರ ಬೆರಳು ಮರಗಟ್ಟಿ ಹೋಗಿದೆ. ಆ ಫ್ಯಾಕ್ಟರಿ ಮುಚ್ಚಿದರೆ ಉಪವಾಸ ಬೀಳುವುದು ಮಂತ್ರಿಗಳಾ, ನನ್ನ ಅಮ್ಮನಾ? ಸರಕಾರದ ಮೇಲೆ ನನಗೂ ನೂರು ಸಿಟ್ಟುಂಟು. ಅದನ್ನು ಊರಿಗೆ ಹೋಗಿ ಓಟಿನಲ್ಲಿ ತೀರಿಸ್ತೇನೆ. ನಮ್ಮ ಮನೆಯ ಜಗಳದ ನಡುವೆ ನುಗ್ಗಿ ನಮ್ಮ ಒಲೆ ಒದೆಯಲಿಕ್ಕೆ ಇವರನ್ನು ಕರೆದವರು ಯಾರು?”

ಚಪ್ಪಾಳೆ ಬಿದ್ದಿತ್ತು. ಬೀದಿಗಿಳಿದು ಘೋಷಣೆ ಕೂಗುವ ಕ್ರಮ ಈ ನಾಡಿನಲ್ಲಿಲ್ಲ. ಇದ್ದ ಒಂದೇ ದಾರಿ ಸಹಿ. ಅವಳೇ ಕೂತು ಹಾಳೆ ಸಿದ್ಧಪಡಿಸಿದ್ದಳು. ಹೆಸರು, ಕಂಪೆನಿ, ಸಹಿ. ಗಲ್ಫಿನಲ್ಲಿ ಊರವರಿಬ್ಬರು ಎದುರಾದರೆ ಮೊದಲ ಪ್ರಶ್ನೆಯೇ ‘ಯಾವ ಕಂಪೆನಿ?’ ಆ ರೂಢಿಯಿಂದ ಹೆಸರಿನ ಪಕ್ಕಕ್ಕೆ ಕಂಪೆನಿಯ ಕಾಲಂ ತಾನಾಗಿ ಬಂದು ಕೂತಿತ್ತು. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ.

“ಯಾಕೆ ಹಾಕುವುದಿಲ್ಲ?” ಯಶ್ಮಿತಾಳ ಸ್ವರ ಏರಿತು.

“ಒಂದು ನಿಮಿಷ ಹೊರಗೆ ಬನ್ನಿ. ಹೇಳ್ತೇನೆ.”

“ಹೊರಗೆ ಯಾಕೆ? ಇಲ್ಲೇ ಹೇಳಿ. ಎಲ್ಲ ನಮ್ಮವರೇ ಅಲ್ಲವಾ?”

ಅವನು ಹಿಂದೆ ತಿರುಗಿ ಸಾಲನ್ನೊಮ್ಮೆ ನೋಡಿದ. ಕಂಕುಳಿನ ಫೈಲನ್ನು ಇನ್ನಷ್ಟು ಒತ್ತಿ ಹಿಡಿದ.

“ವೀಸಾ ಹೋಗ್ತದೆ ಅಂತ ಹೆದರಿಕೆಯಾ?” ನಗು ಎದ್ದಿತು. ಅವಳು ನಿಲ್ಲಲಿಲ್ಲ. “ಬಿಡಿ ಮಾರಾಯ್ರೇ! ಊರಿನ ಉಪ್ಪು ನೆನಪಿರುವವರು ಸಾಲಿನಲ್ಲಿ ಬನ್ನಿ. ಹೆದರುಪುಕ್ಕಲರಿಗೆ ಬಾಗಿಲು ಆ ಕಡೆ ಉಂಟು!”

ಅವನ ಮುಖ ಕೆಂಪೇರಿತು. ಆದರೂ ಅವಳು ತೋರಿಸಿದ ಕಡೆಗೇ ನಡೆದ. ಬಾಗಿಲ ಬಳಿ ಯಾರೋ ಉರುಳಿಸಿದ್ದ ಕುರ್ಚಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿ ಹೊರಟುಹೋದ.

‘ಹೇಡಿ!’ ಎಂದುಕೊಂಡಳು ಯಶ್ಮಿತಾ. ‘ಆದರೆ… ಹೇಡಿಯ ಕಣ್ಣು ಹೀಗೆ ನೆಟ್ಟಗೆ ನೋಡುತ್ತದೆಯೇ?’

ವಾರವಿಡೀ ಆ ಪ್ರಶ್ನೆ ಅವಳ ಬೆನ್ನು ಬಿಡಲಿಲ್ಲ. ಅಲ್ ಮುಂತಜಾದ ದಂತ ಚಿಕಿತ್ಸಾಲಯದ ರಿಸೆಪ್ಶನ್‌ನಲ್ಲಿ ರೋಗಿಗಳ ಹೆಸರು ಕರೆಯುವಾಗಲೂ ಆ ಅರ್ಧಕ್ಕೆ ನಿಂತ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ‘ಹೊರಗೆ ಬನ್ನಿ, ಹೇಳ್ತೇನೆ…’ ಏನು ಹೇಳುವುದಿತ್ತು ಅವನಿಗೆ?

ಗುರುವಾರ ಸಂಜೆ ಅವಳು ನಜ್ಮಾದಲ್ಲಿರುವ ಮೊಯ್ದಿನ್ ಕುಂಞಿಯವರ ಕೆಫೆಟೇರಿಯಾಕ್ಕೆ ಬಂದಳು. ಸಂಘದ ಹಿರಿಯರಾದ ಅವರ ಡ್ರಾವರಿನಲ್ಲೇ ಸಹಿಯ ಹಾಳೆಗಳನ್ನೆಲ್ಲ ಇಟ್ಟಿದ್ದಳು.

“ಮೊಯ್ದಿನಾಕ, ಹಾಳೆ ಕೊಡಿ. ಸ್ಕ್ಯಾನ್ ಮಾಡ್ಬೇಕು.”

ಚಹಾ ಎತ್ತಿ ಹೊಯ್ಯುತ್ತಿದ್ದ ಹಿರಿಯರ ಕೈ ನಿಂತಿತು. “ಅದು ಖಲಾಸ್ ಮೋಳೇ.” ಅವರು ಅವಳನ್ನು ಮಗಳೆಂದೇ ಕರೆಯುತ್ತಿದ್ದರು. “ಯಜ್ಞೇಶ ಕೊಂಡುಹೋದ.”

“ಯಾವ ಯಜ್ಞೇಶ?”

“ಅವತ್ತು ನೀನು ಬಾಗಿಲು ತೋರಿಸಿದೆಯಲ್ಲ, ಆ ಮಂದೂಬ್.”

ಕಂಪೆನಿಯ ಕಾಗದಪತ್ರ ಹೊತ್ತು ಸರಕಾರಿ ಕಚೇರಿಗಳನ್ನು ಸುತ್ತುವವನೇ ಮಂದೂಬ್.

“ನೀವು ಅವನಿಗೆ ಕೊಟ್ಟಿರಾ?!”

“ಕೊಟ್ಟೆ. ಕಾರಣ ಅವನೇ ಹೇಳ್ಲಿ. ನಾಳೆ ಬೆಳಿಗ್ಗೆ ಉಮ್ಮ್ ಸಲಾಲ್ ಕಡೆ ಅವನ ಕಂಪೆನಿಯ ಕೆಲಸಗಾರರ ಕ್ಯಾಂಪಿನಲ್ಲಿ ಇರ್ತಾನೆ. ಮೊದಲು ಒಂದು ಚಹಾ ಕುಡಿ. ಬೈಯಲಿಕ್ಕೂ ಶಕ್ತಿ ಬೇಕಲ್ಲ?”

ಅಷ್ಟರಲ್ಲಿ ಊರಿನಿಂದ ಅಮ್ಮ ಪೂವಕ್ಕನ ಕರೆ ಬಂತು. “ಮಗಾ, ಕಾಗದ ಹೋಯಿತಾ? ಫ್ಯಾಕ್ಟರಿಯಲ್ಲಿ ಎಲ್ಲ ಹೆಂಗಸರು ನನ್ನನ್ನೇ ಕೇಳ್ತಿದ್ದಾರೆ.”

“ಹೋಗ್ತದೆ ಅಮ್ಮ… ಹೋಗಿಯೇ ಹೋಗ್ತದೆ.”

ಫೋನಿಟ್ಟವಳ ಕಣ್ಣು ತುಂಬಿತ್ತು. ‘ಸಹಿ ಹಾಕದಿದ್ದರೆ ಬೇಡ, ಹಾಕಿದವರ ಸಹಿಯನ್ನೂ ಕದಿಯಬೇಕೇ?’

ಮರುದಿನ ಬೆಳಿಗ್ಗೆ ಟ್ಯಾಕ್ಸಿ ಇಳಿದವಳೇ ಕ್ಯಾಂಪಿನ ಊಟದ ಕೋಣೆಗೆ ನುಗ್ಗಿದಳು. ಅಲ್ಲಿ ಉದ್ದನೆಯ ಸಾಲು. ಸಾಲಿನ ತುದಿಯಲ್ಲಿ ಮೇಜು. ಮೇಜಿನ ಹಿಂದೆ ಅವನು!

“ನಮ್ಮ ಹಾಳೆ ಎಲ್ಲಿ?”

ಯಜ್ಞೇಶ್ ಎದ್ದು ನಿಂತ. “ಬಂದಿರಾ? ಕೂತುಕೊಳ್ಳಿ. ಇನ್ನು ಹದಿನೇಳು ಸಹಿ ಬಾಕಿ ಉಂಟು.”

ಅವಳ ನೋಟ ಮೇಜಿಗಿಳಿಯಿತು. ಹೊಸ ಹಾಳೆಗಳು. ಹೆಸರು, ಊರು, ಸಹಿ. ನಿಯಾಝ್, ಉಪ್ಪಿನಂಗಡಿ. ಕಾಸ್ಮಿರ್, ಕಿನ್ನಿಗೋಳಿ. ಕೊರಗ, ಕಾಪು. ಎಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ: ಯಜ್ಞೇಶ್, ಹೆಜಮಾಡಿ.

“ಕಂಪೆನಿಯ ಕಾಲಂ…?”

“ತೆಗೆದೆ.” ಅವನ ಸ್ವರ ತಗ್ಗಿತು. “ಸಮಿತಿಗೆ ಹೋದ ಆಕ್ಷೇಪವನ್ನು ಅವರು ಹಾಗೆಯೇ ಇಂಟರ್ನೆಟ್ಟಿನಲ್ಲಿ ಹಾಕ್ತಾರೆ. ಇಲ್ಲಿ ಯಾವ ಯಾವ ಕಂಪೆನಿಗೆ ಆ ದೇಶದ ಕೆಲಸ ಉಂಟು ಅಂತ ನನಗೆ ಗೊತ್ತು. ‘ನಮ್ಮ ಹೆಸರು ಯಾಕೆ ಹಾಕಿದೆ?’ ಅಂತ ನಾಳೆ ಮ್ಯಾನೇಜರ್ ಕೇಳಿದರೆ ಈ ಕೊರಗಣ್ಣ ಎಂತ ಹೇಳ್ಬೇಕು? ನಮ್ಮ ಹೆಸರು ನಮ್ಮದು, ಊರು ನಮ್ಮದು. ಕಂಪೆನಿಯ ಹೆಸರು ನಮ್ಮದಲ್ಲವಲ್ಲ?”

ಯಶ್ಮಿತಾ ಸಾಲಿನಲ್ಲಿ ನಿಂತವರ ಮುಖಗಳನ್ನು ನೋಡಿದಳು. ಅವತ್ತು ಸಹಿ ಹಾಕಿದ ಇನ್ನೂರು ಜನರ ಮನೆಯ ಅನ್ನ… ತನ್ನ ಒಂದು ಕಾಲಮ್ಮಿನಿಂದ!

“ಅವತ್ತೇ ಹೇಳಬಹುದಿತ್ತಲ್ಲ?”

“ಅಷ್ಟು ಜನರ ಎದುರು ‘ಕೆಲಸ ಹೋಗಬಹುದು’ ಅಂದಿದ್ದರೆ ಯಾರು ಸಹಿ ಹಾಕ್ತಿದ್ದರು? ನಿಮ್ಮ ಕಾಗದ ಅಲ್ಲೇ ಸಾಯುತ್ತಿತ್ತು. ಅದಕ್ಕೇ ಹೊರಗೆ ಕರೆದದ್ದು. ನೀವು ಬಾಗಿಲು ತೋರಿಸಿದ ಮೇಲೆ, ಮಾತು ಬೇಡ, ಕೆಲಸವೇ ಮಾಡುವ ಅಂತ ಕಂಡಿತು. ಹಳೆಯ ಹಾಳೆಯಲ್ಲಿದ್ದ ಒಬ್ಬೊಬ್ಬರನ್ನೂ ಹುಡುಕಿ, ವಿಷಯ ಹೇಳಿಯೇ ಸಹಿ ತಗೊಂಡೆ. ನಾಲ್ಕು ಜನ ಬೇಡ ಅಂದರು. ಒತ್ತಾಯ ಮಾಡ್ಲಿಲ್ಲ. ಹಳೆಯದನ್ನು ಹರಿದು ಹಾಕಿದ್ದೇನೆ.”

ಅವಳು ತಡಮಾಡದೆ ಪಕ್ಕದ ಬೆಂಚಿನ ಮೇಲೆ ಹತ್ತಿದಳು.

“ಎಲ್ಲರೂ ಕೇಳಿ! ಕಳೆದ ಶುಕ್ರವಾರ ಇವರನ್ನು ಎಲ್ಲರ ಎದುರು ಹೆದರುಪುಕ್ಕಲ ಅಂದೆ. ಎಲ್ಲರ ಎದುರು ಅಂದದ್ದಕ್ಕೆ ಮೂಲೆಯಲ್ಲಿ ಕ್ಷಮೆ ಕೇಳುವುದು ಸರಿಯಲ್ಲ. ಹಾಳೆ ಮಾಡಿದವಳು ನಾನು. ತಪ್ಪು ನನ್ನದು. ಆದರೆ ತಪ್ಪಿದ್ದದ್ದು ಕಾಲಮ್ಮಿನಲ್ಲಿ, ಕಾಗದದ ಮಾತಿನಲ್ಲಿ ಅಲ್ಲ! ಆ ಮಾತಿನಿಂದ ಒಂದು ಅಕ್ಷರವೂ ಹಿಂದೆ ಹೋಗುವುದಿಲ್ಲ!”

“ಆಯ್ತು ತಂಗೀ, ಕ್ಷಮಿಸಿದೆವು!” ಎಂದು ಕೊರಗಣ್ಣ ಕೂಗಿದ. “ಈಗ ಸಾಲು ಮುಂದೆ ಹೋಗ್ಲಿ, ಯಲ್ಲಾ, ಬೇಗ! ಮೀನುಸಾರು ತಣಿಯುತ್ತದೆ.”

ಇಡೀ ಸಾಲು ನಗುವಿನಲ್ಲಿ ಮುಳುಗಿತು. ಅವಳಿಗೆ ಇಳಿಯಲು ಯಜ್ಞೇಶ್ ಕೈ ನೀಡಿದ. ಇಳಿದ ಮೇಲೂ ಆ ಕೈ ಬಿಡಬೇಕೆಂಬುದು ಇಬ್ಬರಿಗೂ ತುಸು ತಡವಾಗಿ ನೆನಪಾಯಿತು.

ಮಧ್ಯಾಹ್ನ ಮೊಯ್ದಿನಾಕರ ಕೆಫೆಟೇರಿಯಾದಲ್ಲಿ ಕೂತು ಆಕ್ಷೇಪವನ್ನು ಕಳುಹಿಸಿದರು. ಕೊನೆಯ ಸಾಲು: ಯಶ್ಮಿತಾ, ಮಲ್ಪೆ.

“ಅವರು ಓದ್ತಾರಾ?” ಅವಳ ಸ್ವರ ಮೆತ್ತಗಾಗಿತ್ತು.

“ಓದದೆಯೂ ಇರಬಹುದು. ಆದರೆ ‘ಯಾರೂ ಬೇಡ ಅನ್ನಲಿಲ್ಲ’ ಅಂತ ಇನ್ನು ಹೇಳಲಿಕ್ಕಾಗುವುದಿಲ್ಲ.”

“ನಾನು ಅಷ್ಟು ಬೈದರೂ… ಯಾಕೆ ಮಾಡಿದಿರಿ?”

ಯಜ್ಞೇಶ್ ಚಹಾದ ಲೋಟವನ್ನೇ ತಿರುಗಿಸುತ್ತ ಹೇಳಿದ: “ಅಮ್ಮನ ಬೆರಳಿನ ವಿಷಯ ಹೇಳುವಾಗ ನಿಮ್ಮ ಸ್ವರ ನಡುಗಿತು. ಆದರೂ ಮಾತು ನಿಲ್ಲಿಸಲಿಲ್ಲ. ಅವತ್ತೇ… ಬೈಸಿಕೊಳ್ಳುವ ಮೊದಲೇ ನಾನು ಸೋತು ಆಗಿತ್ತು.”

ಅವಳ ಉತ್ತರ ತುಟಿಗೆ ಬರುವಷ್ಟರಲ್ಲಿ ಪೂವಕ್ಕನ ಕರೆ! ಅವಳು ಸ್ಪೀಕರ್ ಒತ್ತಿದಳು.

“ಹೋಯಿತು ಅಮ್ಮ, ಕಾಗದ ಹೋಯಿತು!”

“ಒಬ್ಬಳೇ ಮಾಡಿದೆಯಾ ಮಗಾ?”

“ಇಲ್ಲ… ಯಜ್ಞೇಶ್ ಅಂತ ಒಬ್ಬರಿದ್ದಾರೆ.”

“ಹೌದಾ? ಯಾವ ಕಂಪೆನಿ?”

ಇಬ್ಬರೂ ಒಮ್ಮೆಲೇ ನಕ್ಕರು. ಗಲ್ಲಾದ ಹಿಂದೆ ಮೊಯ್ದಿನಾಕರೂ ನಕ್ಕರು.

“ಕಂಪೆನಿ ಬಿಡಿ ಅಮ್ಮ. ಊರು ಕೇಳಿ. ಹೆಜಮಾಡಿ.”

ಮಗಳ ಸ್ವರದಲ್ಲಿದ್ದುದು ತಾಯಿಗೆ ತಿಳಿಯದಿರುತ್ತದೆಯೇ? “ದೂರ ಏನಿಲ್ಲ,” ಎಂದರು ಪೂವಕ್ಕ. “ಬಸ್ಸಿನಲ್ಲಿ ಹೋಗಿ ಬರಬಹುದು.”

ಫೋನಿಟ್ಟು ಯಶ್ಮಿತಾ ತಲೆಯೆತ್ತಿದಳು. ಈಗ ಅವಳ ಕಣ್ಣುಗಳೂ ನೆಟ್ಟಗೆ ಅವನನ್ನೇ ನೋಡಿದವು.

“ಮುಂದೊಂದು ದಿನ ಇನ್ನೊಂದು ಕಾಗದ ತರ್ತೇನೆ. ಅದಕ್ಕೆ ಎರಡೇ ಸಹಿ ಸಾಕು, ಒಂದು ನನ್ನದು. ಆಗಲೂ ‘ಹಾಕುವುದಿಲ್ಲ’ ಅಂತೀರಾ?”

ಯಜ್ಞೇಶ್ ಮೇಜಿನಾಚೆಯಿಂದ ಮೆಲ್ಲನೆ ಕೈ ಚಾಚಿದ.

“ಪೆನ್ನು ಈಗಲೇ ಕೊಡಿ.”