ಸೊನ್ನೆ ದಾಟಿದವರು

ತಲೆಯ ಮೇಲಿನ ಬಳೆ ಬೆಚ್ಚಗಾದರೆ ಮಾಪನ ಶುರುವಾಯಿತೆಂದು ಅರ್ಥ. ಪ್ರೊಫೆಸರ್ ಅಂಬಿಕಾ ಹಳಿಯಾಳ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಪರದೆಯನ್ನು ನೋಡುತ್ತ ಕುಳಿತರು. ವಾಕ್ಯಗಳು ಒಂದೊಂದಾಗಿ ಬಂದು ಹೋದವು. "ಬಂದೂಕು ಇಟ್ಟುಕೊಳ್ಳುವುದು ನಾಗರಿಕನ ಹಕ್ಕು." "ಶ್ರೀಮಂತರ ಮೇಲಿನ ತೆರಿಗೆ ಹೆಚ್ಚಬೇಕು." "ಮಗು ಯಾವ ಶಾಲೆಗೆ ಹೋಗಬೇಕೆಂದು ತೀರ್ಮಾನಿಸಬೇಕಾದವರು ತಂದೆ ತಾಯಿ, ಸರ್ಕಾರವಲ್ಲ." ಹೀಗೆ ಇನ್ನೂರು ವಾಕ್ಯಗಳು. ಉತ್ತರ ಹೇಳಬೇಕಾಗಿರಲಿಲ್ಲ. ಓದಿದರೆ ಸಾಕಿತ್ತು.

ನಿಲುವುಮಾಪಕದ ವಿಶೇಷವೇ ಅದು. ಒಂದು ಮಾತನ್ನು ಓದಿದ ಕಾಲು ಸೆಕೆಂಡಿನೊಳಗೆ ಮಿದುಳಿನಲ್ಲಿ ಒಪ್ಪಿಗೆಯೋ ಅಸಮ್ಮತಿಯೋ ಮಿಂಚಿ ಹೋಗುತ್ತದೆ. ನಾಲಿಗೆಗೆ ಅಷ್ಟು ವೇಗವಿಲ್ಲ. ಅದು ಯೋಚಿಸುತ್ತದೆ, ಎದುರಿಗಿರುವವರು ಯಾರೆಂದು ನೋಡುತ್ತದೆ, ಬೇಕಾದರೆ ಸುಳ್ಳನ್ನೂ ಹೊಸೆಯುತ್ತದೆ. ಆ ಮೊದಲ ಮಿಂಚನ್ನು ವಿಜ್ಞಾನಿಗಳು ಪ್ರಥಮ ಸ್ಪಂದನ ಎಂದು ಕರೆದರು. ಬಳೆಯೊಳಗಿನ ಸಂವೇದಕಗಳು ಅದನ್ನು ಹಿಡಿದು, ಎಲ್ಲವನ್ನೂ ಕೂಡಿಸಿ ಒಂದೇ ಅಂಕಿಯಾಗಿ ಕೊಡುತ್ತಿದ್ದವು. ಸೊನ್ನೆಯಿಂದ ಮೈನಸ್ ನೂರರವರೆಗೆ ಎಡ, ಪ್ಲಸ್ ನೂರರವರೆಗೆ ಬಲ. ಎಡಕ್ಕೆ ಮೈನಸ್ ಕೊಟ್ಟಿದ್ದರಲ್ಲಿ ಅವಮಾನದ ಉದ್ದೇಶವಿಲ್ಲ, ಗಣಿತದ ರೇಖೆಯಲ್ಲಿ ಸೊನ್ನೆಯ ಎಡಕ್ಕೆ ಇರುವುದು ಮೈನಸ್ಸೇ ಎಂದು ಕೈಪಿಡಿಯ ಮೂರನೆಯ ಪುಟದಲ್ಲಿ ಸ್ಪಷ್ಟನೆ ಇತ್ತು.

ಅಮೆರಿಕದ ಮಧ್ಯಭಾಗದ ಆ ರಾಜ್ಯದಲ್ಲಿ ಈ ಯಂತ್ರ ಕಾನೂನಿನೊಳಗೆ ಬಂದದ್ದು ಹನ್ನೊಂದು ವರ್ಷಗಳ ಹಿಂದೆ. ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವವರೆಲ್ಲ ಒಂದೇ ಕಡೆಗೆ ವಾಲಿದ್ದಾರೆ, ಇನ್ನೊಂದು ಕಡೆಯ ಮಾತು ವಿದ್ಯಾರ್ಥಿಗಳ ಕಿವಿಗೆ ಬೀಳುವುದೇ ಇಲ್ಲ ಎಂಬ ದೂರು ಹಳೆಯದು. ಸರ್ಕಾರ ಪಾಠದ ಕೋಣೆಗೆ ಕೈ ಹಾಕಬಾರದೆಂಬ ವಾದವೂ ಅಷ್ಟೇ ಹಳೆಯದು. ಎರಡರಲ್ಲೂ ಹುರುಳಿತ್ತು. ಕೊನೆಗೆ ಸಮತೋಲನ ಕಾಯಿದೆ ಬಂತು. ಪ್ರತಿ ವಿಭಾಗದಲ್ಲಿ ಅರ್ಧ ಎಡ ಪೀಠಗಳು, ಅರ್ಧ ಬಲ ಪೀಠಗಳು. ವರ್ಷಕ್ಕೊಮ್ಮೆ ಮಾಪನ. ಪೀಠದಲ್ಲಿ ಕುಳಿತವರ ಅಂಕಿ ಸೊನ್ನೆ ದಾಟಿ ಆಚೆ ಹೋದರೆ ಮೂವತ್ತು ದಿನಗಳಲ್ಲಿ ಪೀಠ ತೆರವು.

ಹಾರ್ಲನ್ ಪ್ರೇರಿ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಅಂಬಿಕಾ ಅವರದು ಮೂರನೆಯ ಎಡ ಪೀಠ. ಕಾಯಿದೆ ಬಂದ ವರ್ಷ ಅವರ ಅಂಕಿ ಮೈನಸ್ ನಲವತ್ತೊಂದು.

ಬಳೆ ತಣ್ಣಗಾಯಿತು. ಯಂತ್ರದ ಹಿಂದೆ ನಿಂತಿದ್ದ ಪದ್ಮರಾಜ ಉಪಾಧ್ಯೆ ತನ್ನ ಪರದೆಯ ಮೇಲೆ ಬಗ್ಗಿದ. ನಿಲುವುಮಾಪಕವನ್ನು ಕಂಡುಹಿಡಿದ ಮೂವರಲ್ಲಿ ಆತನೊಬ್ಬ. ಚಿಕ್ಕೋಡಿ ಕಡೆಯವನು. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಅಂಬಿಕಾ ಮತ್ತು ಆತ ಊರಿನ ಮಾತಿಗೆ ಇಳಿಯುತ್ತಿದ್ದರು.

"ಯಾಕ ಸುಮ್ಮನಾದ್ರಿ ಪದ್ಮರಾಜ್? ಎಷ್ಟ್ ಬಂತು?"

"ಇನ್ನೊಮ್ಮೆ ನೋಡೂಣ್ರಿ ಬಾಯಾರ."

"ಯಾಕ?"

"ನೋಡೂಣ್ರಿ."

ಎರಡನೆಯ ಸಲವೂ ಅಷ್ಟೇ ಬಂತು. ಆತ ಪರದೆಯನ್ನು ಅವರ ಕಡೆ ತಿರುಗಿಸಿದ. ಪ್ಲಸ್ ಆರು.

ಅಂಬಿಕಾ ನಕ್ಕುಬಿಟ್ಟರು. "ನಿಮ್ಮ ಯಂತ್ರ ಕೆಟ್ಟೇತಿ."

"ಕೆಟ್ಟಿಲ್ರಿ. ತಪ್ಪಿದ್ರ ಎರಡು ಅಂಕಿ ಆಕಡೆ ಈಕಡೆ. ಆರಕ್ಕ ಎರಡು ಕಳದರೂ ನೀವು ಬಲಕ್ಕ ಇದ್ದೀರಿ."

"ನಾನು? ಬಲಕ್ಕ?" ಅಂಬಿಕಾ ಅವರ ನಗೆ ಅರ್ಧಕ್ಕೇ ನಿಂತಿತು. ಕಾರ್ಮಿಕ ಸಂಘಗಳ ಇತಿಹಾಸ ಬರೆದವರು ಅವರು. ಇಪ್ಪತ್ತಾರು ವರ್ಷಗಳಿಂದ ಒಂದೇ ಪಕ್ಷಕ್ಕೆ ಮತ ಹಾಕಿದವರು. ತಮ್ಮ ತಲೆಯೊಳಗೆ ತಮಗೆ ಗೊತ್ತಿಲ್ಲದ ಯಾರೋ ಬಾಡಿಗೆಗೆ ಬಂದು ಕುಳಿತಿದ್ದಾರೆಂದು ಕೇಳಿದಂತಾಯಿತು.

ಪದ್ಮರಾಜ ಹಳೆಯ ದಾಖಲೆಗಳನ್ನು ತೆರೆದ. ಮೈನಸ್ ನಲವತ್ತೊಂದು ಮೂರು ವರ್ಷ ಅಲ್ಲಾಡಿರಲಿಲ್ಲ. ಆಮೇಲೆ ಮೂವತ್ತೇಳು, ಮೂವತ್ತು, ಇಪ್ಪತ್ತೆರಡು. ಹೋದ ವರ್ಷ ಮೈನಸ್ ಐದು. ರೇಖೆ ದಿಬ್ಬ ಹತ್ತುವವರ ಹಾಗೆ ನಿಧಾನವಾಗಿ, ಎಲ್ಲೂ ಹಿಂತಿರುಗದೆ ಏರಿತ್ತು.

"ಎಂಟು ವರ್ಷದ ಹಿಂದ ಏನಾತ್ರಿ?"

ಅಂಬಿಕಾ ಅವರಿಗೆ ಯೋಚಿಸಬೇಕಾಗಲಿಲ್ಲ. ಎಂಟು ವರ್ಷದ ಹಿಂದೆ ಹೆರಾಲ್ಡ್ ಟೆಂಪಲ್‌ಟನ್ ಎರಡನೆಯ ಬಲ ಪೀಠಕ್ಕೆ ಬಂದಿದ್ದರು. ಅಂದಿನಿಂದ ಮಧ್ಯಾಹ್ನ ಹನ್ನೆರಡೂವರೆಗೆ ಉಪಾಹಾರಗೃಹದ ಕಿಟಕಿ ಪಕ್ಕದ ಮೇಜಿನಲ್ಲಿ ಇಬ್ಬರೂ ಊಟಕ್ಕೆ ಕುಳಿತು ಜಗಳವಾಡುತ್ತಿದ್ದರು. ಶಾಲೆಯ ಹಣವನ್ನು ನೇರವಾಗಿ ತಂದೆ ತಾಯಿಯ ಕೈಗೆ ಕೊಡಬೇಕೆಂದು ಹೆರಾಲ್ಡ್, ಕೂಡದೆಂದು ಅಂಬಿಕಾ. ಜಾಮೀನಿಗೆ ದುಡ್ಡಿಲ್ಲದ ಬಡವ ವಿಚಾರಣೆಗೆ ಮೊದಲೇ ಜೈಲಿನಲ್ಲಿ ಕೊಳೆಯುವುದು ಅನ್ಯಾಯವೆಂದು ಅಂಬಿಕಾ, ಬಿಟ್ಟರೆ ಓಡಿಹೋಗುತ್ತಾನೆಂದು ಹೆರಾಲ್ಡ್. ಇಬ್ಬರೂ ಒಂದಿಂಚು ಬಗ್ಗಿರಲಿಲ್ಲ. ಹಾಗೆಂದು ಅಂಬಿಕಾ ತಿಳಿದುಕೊಂಡಿದ್ದರು.

"ಪಥ್ಯ ಮಾಡಿದ್ರಿಲ್ಲೋ?" ಎಂದು ಪದ್ಮರಾಜ ಕೇಳಿದ.

ಮಾಪನಕ್ಕೆ ಹತ್ತು ದಿನ ಮೊದಲು ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಪಥ್ಯ ಮಾಡುತ್ತಿದ್ದರು. ತಮ್ಮ ಕಡೆಯ ಪತ್ರಿಕೆಗಳನ್ನಷ್ಟೇ ಓದುವುದು, ತಮ್ಮ ಕಡೆಯವರ ಜೊತೆಗಷ್ಟೇ ಉಣ್ಣುವುದು. ಅದು ಯಾವ ನಿಯಮದಲ್ಲೂ ಇರಲಿಲ್ಲ. ಹೊಸಬರಿಗೆ ಹಳಬರು ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ವಿದ್ಯಾರ್ಥಿವೇತನಕ್ಕೂ ಅಂಕಿ ಅಂಟಿಕೊಂಡ ಮೇಲೆ ಮಕ್ಕಳು ಪಥ್ಯವನ್ನು ವರ್ಷವಿಡೀ ಮಾಡತೊಡಗಿದರು. ಜಂಟಿ ತರಗತಿಯಲ್ಲಿ ಆ ಕಡೆಯವರು ಮಾತಾಡಲು ಎದ್ದರೆ ಈ ಕಡೆಯವರು ಕಿವಿಮುಚ್ಚುಗೆ ಹಾಕಿಕೊಳ್ಳುವರು. ಇವರು ಎದ್ದಾಗ ಅವರು. ಹಾಜರಿ ಮಾತ್ರ ನೂರಕ್ಕೆ ನೂರು.

"ನಾನ್ಯಾಕ ಮಾಡ್ಲಿ? ನನ್ನ ವಿಚಾರ ನಂಗ ಗೊತ್ತಿಲ್ಲೇನು?" ಎಂದರು ಅಂಬಿಕಾ. ಹೇಳಿದ ಮೇಲೆ ಅವರ ಕಣ್ಣು ಮತ್ತೆ ಪರದೆಯ ಅಂಕಿಯ ಮೇಲೆ ಬಿತ್ತು.

ಪದ್ಮರಾಜ ಕುರ್ಚಿಯಲ್ಲಿ ಕುಸಿದ. "ಬಾಯಾರ, ಈ ರಾಜ್ಯದಾಗ ನಾಲ್ಕು ಸಾವಿರದ ಮುನ್ನೂರು ಮಂದಿ ಪ್ರಾಧ್ಯಾಪಕರು. ಹನ್ನೊಂದು ವರ್ಷದಾಗ ಒಬ್ಬರೂ ಸೊನ್ನೆ ದಾಟಿಲ್ಲ. ಯಂತ್ರ ಇಷ್ಟು ಕರಾರುವಾಕ್ ಐತಿ ಅಂತ ನನಗ ಪದಕ ಕೊಟ್ಟಾರ. ನಾನೂ ಹಂಗ ತಿಳಕೊಂಡಿದ್ದೆ. ಇವತ್ತ ನಿಮ್ಮ ರೇಖಾ ನೋಡಿದ ಮ್ಯಾಲ ಎದಿ ಝಲ್ ಅಂತು. ಯಂತ್ರ ಅಳದದ್ದು ಮಂದಿ ವಿಚಾರಾನ ಅಲ್ರಿ. ಅವರ ಹೆದರಿಕೀನ."

ಅಂಬಿಕಾ ಅವರಿಗೆ ಐವತ್ತನಾಲ್ಕು ವರ್ಷ. ಇತಿಹಾಸ ವಿಭಾಗದ ಬಲ ಪೀಠಗಳೆಲ್ಲ ಭರ್ತಿ. ರಾಜ್ಯದ ಉಳಿದ ವಿಶ್ವವಿದ್ಯಾಲಯಗಳಿಗೂ ಇದೇ ಕಾಯಿದೆ. ಸೊನ್ನೆ ದಾಟಿದ ಎಡದವರನ್ನು ಎಡದವರು ನಂಬುವುದಿಲ್ಲ, ಬಲದವರು ಕರೆಯುವುದಿಲ್ಲ. ಪೀಠ ಹೋದರೆ ಪಾಠ ಹೇಳುವ ಕೆಲಸವೇ ಹೋದಂತೆ. ಆ ಕೆಲಸವಿಲ್ಲದ ತಮ್ಮ ಒಂದು ದಿನವನ್ನೂ ಅವರು ಕಲ್ಪಿಸಿಕೊಂಡವರಲ್ಲ.

ಅವರು ನೇರವಾಗಿ ಹೆರಾಲ್ಡ್ ಅವರ ಕೋಣೆಗೆ ಹೋದರು. ಹೆರಾಲ್ಡ್ ಅರವತ್ತು ದಾಟಿದ ಎತ್ತರದ ಮನುಷ್ಯ. ಅಂಕಿ ಕೇಳಿದ್ದೇ ಎದ್ದು ಬಾಗಿಲು ಹಾಕಿದರು.

"ಪ್ಲಸ್ಸಾ? ನೀವಾ? ಪಥ್ಯ ಮಾಡಲಿಲ್ವಾ, ಪುಣ್ಯಾತ್ಗಿತ್ತಿ?"

"ಎಲ್ಲ ನಿಮ್ಮಿಂದ! ಎಂಟು ವರ್ಷ ನನ್ನ ತಲೆ ತಿಂದಿರಿ. ಶಾಲೆ, ಶಾಲೆ, ಶಾಲೆ!"

"ಗೆದ್ದೆ ಅಂತ ಒಂದು ದಿನವಾದರೂ ಹೇಳಬಾರದಿತ್ತಾ? ಖುಷಿಯಾದರೂ ಪಡುತ್ತಿದ್ದೆ." ನಗಲು ಹೋಗಿ ಹೆರಾಲ್ಡ್ ನಗಲಿಲ್ಲ. "ಸಮತೋಲನ ಮಂಡಳಿಯ ಮುಂದೆ ಒಂದು ಮರುಮಾಪನಕ್ಕೆ ಅವಕಾಶ ಇದೆಯಲ್ಲ?"

"ಗುರುವಾರ. ಅದರಿಂದೇನು? ನನ್ನ ತಲೆ ಇದೇ ತಲೆ ತಾನೆ?"

ಹೆರಾಲ್ಡ್ ಕ್ಯಾಲೆಂಡರಿನಲ್ಲಿ ಗುರುವಾರಕ್ಕೆ ಗುರುತು ಹಾಕಿಕೊಂಡರು.

ಗುರುವಾರ ಮಂಡಳಿಯ ಏಳು ಜನ ಉದ್ದನೆಯ ಮೇಜಿನ ಹಿಂದೆ ಕುಳಿತಿದ್ದರು. ಅಧ್ಯಕ್ಷೆ ಕಾರ್ಲೀನ್ ವೈಸ್ ಸಾಕ್ಷಿಯಾಗಿ ಹೆರಾಲ್ಡ್ ಅವರನ್ನು ಕರೆಸಿದರು. ಎಡ ಪೀಠದವರ ಮೇಲೆ ಅವರು ಉದ್ದೇಶಪೂರ್ವಕವಾಗಿ ಪ್ರಭಾವ ಬೀರಿದರೇ ಎಂಬುದು ಪ್ರಶ್ನೆ.

"ಇಲ್ಲ," ಎಂದರು ಹೆರಾಲ್ಡ್. "ಪ್ರಭಾವ ಬೀರಬೇಕಾದರೆ ಮಾತುಕತೆ ನಡೆಯಬೇಕು. ನಮ್ಮ ನಡುವೆ ಅದು ನಡೆದೇ ಇಲ್ಲ."

"ಎಂಟು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದ್ದೀರಿ."

"ಊಟ ಮಾಡಿದ್ದೇನೆ. ಮೊದಲ ವರ್ಷ ಕಳೆದ ಮೇಲೆ ಕಿವಿಯಲ್ಲಿ ಶಬ್ದರೋಧಕ ಗುಂಡಿ ಇಟ್ಟುಕೊಳ್ಳುತ್ತಿದ್ದೆ. ಈಕೆಯ ತುಟಿ ಅಲ್ಲಾಡುವುದು ನಿಂತಾಗ ತಲೆ ಆಡಿಸಿ ನನ್ನ ಹಳೆಯ ವಾದವನ್ನೇ ಮತ್ತೆ ಒಪ್ಪಿಸುತ್ತಿದ್ದೆ."

ಅಂಬಿಕಾ ತಲೆ ಎತ್ತಿದರು.

"ಒಂದು ಮಾತೂ ಕೇಳಿಲ್ಲವೇ?" ಅಧ್ಯಕ್ಷೆ ಕೇಳಿದರು.

"ಕೇಳುವಂಥದ್ದು ಏನಿತ್ತು, ಮೇಡಂ? ಆ ಕಡೆಯವರೆಲ್ಲ ಒಂದೇ ಅಚ್ಚು. ಬಡವರೆಂದರೆ ತಾವು ಅನ್ನ ಹಾಕಿ ಸಾಕುವ ನಾಯಿಮರಿ ಅಂದುಕೊಂಡವರು. ಈಕೆಯೂ ಅಷ್ಟೇ. ಇಂಥವರು ಪಾಠ ಹೇಳಿದರೆಷ್ಟು, ಬಿಟ್ಟರೆಷ್ಟು?"

ಅಂಬಿಕಾ ಅವರಿಗೆ ಕೋಣೆಯ ಬೆಳಕು ಒಮ್ಮೆ ಕುಗ್ಗಿದಂತಾಯಿತು. ತಂದೆ ಸತ್ತಾಗ, ಪ್ರಕಾಶಕರಿಂದ ಪುಸ್ತಕ ಹಿಂದಕ್ಕೆ ಬಂದಾಗ, ಆ ಮೇಜಿನಲ್ಲಿ ತಾವು ಆಡಿದ್ದ ಮಾತುಗಳು ನೆನಪಾದವು. ಅಷ್ಟನ್ನೂ ಆಡಿದ್ದು ಎರಡು ರಬ್ಬರ್ ಗುಂಡಿಗಳ ಮುಂದೆ! ಮೈಯೆಲ್ಲ ಉರಿಯುತ್ತಿರುವಾಗಲೇ ಪದ್ಮರಾಜ ಬಂದು ಬಳೆ ತೊಡಿಸಿದ. ವಾಕ್ಯಗಳು ಹರಿದವು. ಪ್ರತಿ ವಾಕ್ಯದ ಹಿಂದೆಯೂ ಹೆರಾಲ್ಡ್ ಅವರ ಮುಖವೇ ಕಂಡಿತು.

ಮೈನಸ್ ಮೂವತ್ತಮೂರು.

ಮಂಡಳಿ ಚಪ್ಪಾಳೆ ತಟ್ಟಿತು. ಪೀಠ ಉಳಿಯಿತು. ಪ್ರಮಾಣಪತ್ರದಲ್ಲಿ "ದೃಢ ನಿಲುವು" ಎಂದು ಅಲ್ಲೇ ಮುದ್ರೆ ಬಿತ್ತು. ಹೆರಾಲ್ಡ್ ಯಾರನ್ನೂ ನೋಡದೆ ಹೊರಗೆ ನಡೆದರು.

ಪ್ರಯೋಗಾಲಯಕ್ಕೆ ಮರಳಿದ ಮೇಲೆ ಪದ್ಮರಾಜ ಬಾಗಿಲು ಹಾಕಿದ. "ಇದು ಹೇಳಬಾರದ್ರಿ. ಹೇಳಿದ್ರ ನನ್ನ ಕೆಲಸ ಹೋಗ್ತದ. ಹೆರಾಲ್ಡ್ ಸಾಹೇಬರ ಮಾಪನ ಇವತ್ತ ಮುಂಜಾನಿ ಆತು."

"ಅಂವನ ಹೆಸರು ಎತ್ತಬ್ಯಾಡ್ರಿ."

"ಎಂಟು ವರ್ಷದ ಹಿಂದ ಪ್ಲಸ್ ನಲವತ್ತೇಳು ಇದ್ದರು. ಇವತ್ತ ಪ್ಲಸ್ ನಾಲ್ಕು. ವರ್ಷಾ ವರ್ಷಾ ಇಳದಾರ, ಪಥ್ಯ ಮಾಡಿಕೋತನ."

ಅಂಬಿಕಾ ಕೈಯಲ್ಲಿದ್ದ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟರು.

"ಕಿವ್ಯಾಗ ಗುಂಡಿ ಇಟಗೊಂಡಾಂವ ಹಿಂಗ ಇಳಿಯೂದಿಲ್ರಿ ಬಾಯಾರ. ನಿಮ್ಮ ಒಂದೊಂದು ಮಾತೂ ಕೇಳ್ಯಾರ. ಸಿಟ್ಟು ಬಂದ್ರ ಮನುಷ್ಯಾ ವಿಚಾರ ಬಿಟ್ಟು ತನ್ನ ಹಳೇ ಗುಂಪಿನ ಕಡೆ ಓಡ್ತಾನ. ಇದು ನನಗ ಯಂತ್ರ ಮಾಡಿದ ಮ್ಯಾಲೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ನಿಮ್ಮ ಪೀಠ ಉಳಸಾಕ ಬೇಕಂತ ಬೈದಾರ್ರಿ."

ಅಂಬಿಕಾ ಮೇಜಿನ ಅಂಚನ್ನು ಹಿಡಿದುಕೊಂಡರು. ಸಿಟ್ಟು ಕರಗುವುದು ಅವರಿಗೇ ತಿಳಿಯುತ್ತಿತ್ತು. ಅದು ಕರಗಿದಷ್ಟೂ ಪೀಠಕ್ಕೆ ಅಪಾಯ ಎಂಬುದೂ ತಿಳಿಯುತ್ತಿತ್ತು.

ಮರುದಿನ ಹನ್ನೆರಡೂವರೆಗೆ ಕಿಟಕಿ ಪಕ್ಕದ ಮೇಜು ಖಾಲಿ ಇತ್ತು. ಅದರ ಮರುದಿನವೂ. ಹೆರಾಲ್ಡ್ ಕಾರಿಡಾರಿನಲ್ಲಿ ಎದುರಾದರೆ ಮೆಟ್ಟಿಲಿನ ಕಡೆ ತಿರುಗಿಬಿಡುತ್ತಿದ್ದರು.

ಮಂಡಳಿ ಸುಮ್ಮನಿರಲಿಲ್ಲ. ಬೈಸಿಕೊಂಡವರ ನಿಲುವು ಗಟ್ಟಿಯಾಗುತ್ತದೆಂದು ಗುರುವಾರದ ಫಲಿತಾಂಶ ಅದರ ಕಣ್ಣು ತೆರೆಸಿತ್ತು. ಮೂರು ವಾರಗಳಲ್ಲಿ ಸುತ್ತೋಲೆ ಬಂತು. ಪ್ರತಿಯೊಬ್ಬ ಪ್ರಾಧ್ಯಾಪಕರೂ ತಿಂಗಳಿಗೊಮ್ಮೆ ವಿರುದ್ಧ ಪೀಠದ ಒಬ್ಬರೊಂದಿಗೆ ಅರ್ಧ ಗಂಟೆ ಕುಳಿತು ಪರಸ್ಪರ ನಿಂದಿಸಬೇಕು. ಇದರ ಹೆಸರು "ನಿಲುವುರಕ್ಷಣಾ ಮುಖಾಮುಖಿ". ಹಾಜರಿ ಕಡ್ಡಾಯ. ನಿಂದನೆ ದಾಖಲಾದರೆ ಮಾನನಷ್ಟದ ಮೊಕದ್ದಮೆಗಳು ಬಂದಾವೆಂದು ವಕೀಲರು ಎಚ್ಚರಿಸಿದ್ದರಿಂದ ಕೋಣೆಯಲ್ಲಿ ಕ್ಯಾಮೆರಾ, ಧ್ವನಿಮುದ್ರಣ ಎರಡೂ ನಿಷಿದ್ಧ. ಬಾಗಿಲು ಮುಚ್ಚಿರಬೇಕು. ಗುಮಾಸ್ತನೊಬ್ಬ ಹೊರಗೆ ಕುಳಿತು ವೇಳೆ ಬರೆದುಕೊಳ್ಳತಕ್ಕದ್ದು. ಸುತ್ತೋಲೆಯ ಕೊನೆಗೆ ಮೊದಲ ಜೋಡಿಯ ಹೆಸರಿತ್ತು: ಹಳಿಯಾಳ ಮತ್ತು ಟೆಂಪಲ್‌ಟನ್.

ಅಂಬಿಕಾ ಅದನ್ನು ಎರಡು ಸಲ ಓದಿದರು. ಎಡ ಬಲಗಳು ಒಂದೇ ಕೋಣೆಯಲ್ಲಿ ಕುಳಿತು ಮಾತಾಡಲಿ ಎಂದು ತಂದ ಕಾಯಿದೆ ಹನ್ನೊಂದು ವರ್ಷದ ಮೇಲೆ ಇಲ್ಲಿಗೆ ಬಂದು ನಿಂತಿತ್ತು.

ನಿಗದಿತ ದಿನ ಎರಡನೆಯ ಮಹಡಿಯ ಹನ್ನೆರಡು ಕೋಣೆಗಳಿಗೆ ಹನ್ನೆರಡು ಜೋಡಿಗಳು ಹೋದವು. ಬಾಗಿಲುಗಳು ಮುಚ್ಚಿದವು. ಹೆರಾಲ್ಡ್ ಕೂತುಕೊಳ್ಳಲಿಲ್ಲ. ಎದೆ ತುಂಬ ಉಸಿರೆಳೆದು ಬಾಗಿಲಿನ ಕಡೆ ಮುಖ ಮಾಡಿ ಕೂಗಿದರು, "ನಿಮ್ಮಷ್ಟು ದಡ್ಡರನ್ನು ನಾನು ಜನ್ಮದಲ್ಲಿ ನೋಡಿಲ್ಲ!"

"ನಿಮ್ಮ ತಲೆಯಲ್ಲಿ ಜೇಡ ಬಲೆ ಕಟ್ಟಿದೆ!" ಅಂಬಿಕಾ ಕೂಗಿದರು.

ಪಕ್ಕದ ಕೋಣೆಗಳಿಂದಲೂ ಅರಚಾಟ ಕೇಳುತ್ತಿತ್ತು. ಹೆರಾಲ್ಡ್ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಹತ್ತಿರ ತಂದಿಟ್ಟು ಕುಳಿತರು.

"ಆವತ್ತು ಆಡಿದ್ದು..." ಎಂದು ತಗ್ಗಿದ ದನಿಯಲ್ಲಿ ಆರಂಭಿಸಿದರು.

"ಗೊತ್ತು," ಎಂದರು ಅಂಬಿಕಾ. "ಇನ್ನೊಂದು ಸಲ ನನ್ನನ್ನು ಉಳಿಸುವಾಗ ಮೊದಲೇ ಹೇಳಿ."

"ಹೇಳಿದ್ದರೆ ಸಿಟ್ಟು ಬರುತ್ತಿತ್ತಾ?"

"ಮುಂದಿನ ವರ್ಷ ನಾನು ಮತ್ತೆ ದಾಟುತ್ತೇನೆ, ಹೆರಾಲ್ಡ್."

"ಅಷ್ಟರಲ್ಲಿ ನಾನೂ ದಾಟಿರುತ್ತೇನೆ. ಅದಿರಲಿ, ಜಾಮೀನಿನ ವಿಷಯದಲ್ಲಿ ನೀವು ಹೇಳಿದ್ದರಲ್ಲಿ ಒಂದು ತಪ್ಪಿದೆ. ಹಳ್ಳಿಯ ಕೋರ್ಟಿನಲ್ಲಿ ಏನಾಗುತ್ತದೆಂದರೆ..."

ಅಂಬಿಕಾ ಕೈ ಎತ್ತಿ ತಡೆದರು. ಏನೋ ಬದಲಾಗಿತ್ತು. ಅವರು ಎದ್ದು ಗೋಡೆಗೆ ಕಿವಿಯಿಟ್ಟರು. ಎಡಗಡೆಯ ಕೋಣೆಯಲ್ಲಿ ಅರಚಾಟ ನಿಂತಿತ್ತು. ಅಲ್ಲಿದ್ದ ಇಬ್ಬರು ತತ್ವಶಾಸ್ತ್ರದವರು ಹನ್ನೊಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಈಗ ಗೋಡೆಯಾಚೆ ಪಿಸುಮಾತು, ನಡುವೆ ಒಂದು ಸಣ್ಣ ನಗು. ಬಲಗಡೆಯ ಕೋಣೆಯಲ್ಲೂ ಅಷ್ಟೇ. ಅದರಾಚೆಯದರಲ್ಲೂ ಕೂಗು ಅಡಗಿತು. ಅಂಬಿಕಾ ಬಾಯಿ ತೆರೆದು ಹೆರಾಲ್ಡ್ ಅವರನ್ನು ನೋಡಿದರು. ಹೆರಾಲ್ಡ್ ಅವರ ಬಾಯಿಯೂ ತೆರೆದೇ ಇತ್ತು.

ಇಡೀ ಮಹಡಿ ನಿಶ್ಶಬ್ದವಾದದ್ದು ಗುಮಾಸ್ತನಿಗೂ ಗೊತ್ತಾಯಿತು. ಕಾರಿಡಾರಿನಲ್ಲಿ ಅವನ ಬೂಟಿನ ಸದ್ದು ಕೇಳಿತು.

"ಏನ್ರೀ, ಜಗಳ ಸರಿಯಾಗಿ ನಡೀತಾ ಇದೆಯಾ?" ಎಂದು ಅವನು ಗಾಬರಿಯಿಂದ ಕೂಗಿ ಕೇಳಿದ.

ಹನ್ನೆರಡು ಕೋಣೆಗಳಿಂದ, ಇಪ್ಪತ್ತನಾಲ್ಕು ಬಾಯಿಗಳಿಂದ, ಒಂದೇ ಸಲಕ್ಕೆ ಬೈಗುಳ ಎದ್ದಿತು.