ಕಿಟಕಿಯ ಕೆಳಗಿನ ಬಿರುಕು

"ದೊಡ್ಡಮ್ಮ, ಆ ಮನೆ ನನಗೆ ಬೇಕೇ ಬೇಕು. ಗೋಡೆ ಬಿರುಕು ಬಿಟ್ಟಿದೆ, ಕೈಬಿಡು ಅಂತಾರೆ ಎಲ್ಲರೂ. ಆದರೆ ನಾನು ಮೊದಲು ನೋಡಿದಾಗ ಆ ಬಿರುಕು ಇರಲೇ ಇಲ್ಲ!"

ಇಷ್ಟು ಹೇಳಿ ಗಡಿಯಾರದ ಹುಡುಗಿ, ಕೊಟ್ಟ ಕಾಫಿಯನ್ನು ಮುಟ್ಟದೆ ಕೂತಳು. ವಯಸ್ಸು ನಲವತ್ತು ದಾಟಿದ್ದರೂ ನಮ್ಮ ಬಡಾವಣೆಯವರ ಬಾಯಲ್ಲಿ ಅವಳು ಹುಡುಗಿಯೇ. ಕೆಟ್ಟು ನಿಂತ ಗಡಿಯಾರಗಳನ್ನು ರಿಪೇರಿ ಮಾಡುವುದು ಅವಳ ಕಸುಬು. ಅಣ್ಣನ ಮನೆಯ ಹಿಂದಿನ ಷೆಡ್ಡಿನಲ್ಲಿ ಹಗಲಲ್ಲೂ ದೀಪ ಹಾಕಿಕೊಂಡು ಕೆಲಸ ಮಾಡಿ ಕಣ್ಣು ಕೆಂಪಾಗಿಸಿಕೊಂಡಿದ್ದಳು.

ಅವಳು ದೊಡ್ಡಮ್ಮ ಎಂದು ಕರೆದದ್ದು ನನ್ನ ಅತ್ತಿಗೆಯನ್ನು. ಸುಟ್ಟ ಅಂಗಡಿ, ಜಖಂಗೊಂಡ ಕಾರು ನೋಡಿ ಮಾಲೀಕ ನಿಜ ಹೇಳುತ್ತಿದ್ದಾನೋ ಸುಳ್ಳೋ ಎಂದು ಹೇಳುವ ಕೆಲಸವನ್ನು ಅವರು ವಿಮಾ ಕಂಪನಿಯಲ್ಲಿ ನಿವೃತ್ತಿಯವರೆಗೂ ಮಾಡಿದವರು. ಈಗಲೂ ಬಡಾವಣೆಯಲ್ಲಿ ಏನು ಕಳೆದರೂ, ಏನು ಮುರಿದರೂ ಜನ ಪೊಲೀಸರಿಗಿಂತ ಮೊದಲು ನಮ್ಮ ಗೇಟು ತೆಗೆಯುತ್ತಾರೆ. ಟಾರ್ಚು ಹಿಡಿಯುವವನು, ತಪ್ಪು ಊಹಿಸಿ ಬೈಸಿಕೊಳ್ಳುವವನು ಮೈದುನನಾದ ನಾನು. ಅದರಲ್ಲಿ ನನಗೇನೂ ನಾಚಿಕೆಯಿಲ್ಲ.

"ಯಾವತ್ತು ಸಹಿ?" ಎಂದರು ಅತ್ತಿಗೆ.

"ಇವತ್ತು ಸಂಜೆ. ನಾನು ಬೇಡ ಅಂದ್ರೆ ಇನ್ನೊಬ್ಬರು ಕೊಂಡು ಕೆಡವಿ ಹಾಕೋಕೆ ಕಾಯ್ತಿದ್ದಾರೆ."

"ಆ ಮನೇಲಿ ನಿನಗೆ ಅಷ್ಟು ಹಿಡಿಸಿದ್ದೇನು?"

"ಹಿಂದಿನ ಕೋಣೆಯ ಕಿಟಕಿ. ದಿನವಿಡೀ ತಂಪಾದ ಬೆಳಕು. ಅದರ ಕೆಳಗೆ ನನ್ನ ಮೇಜು ಹಾಕೋಣ ಅಂತ. ಬಿರುಕು ಬಂದಿರೋದೂ ಅಲ್ಲೇ."

"ಮೇಜಿನ ವಿಷಯ ದಲ್ಲಾಳಿಗೆ ಹೇಳಿದ್ಯಾ?"

"ಅವನ ಮುಂದೆ ತುಟಿ ಬಿಚ್ಚಲಿಲ್ಲ. ಇಷ್ಟ ಆಯ್ತು ಅಂದ್ರೆ ಬೆಲೆ ಏರಿಸ್ತಾನೆ. ಆವತ್ತು ಊಟ ಬಡಿಸುವಾಗ ಮನೇಲಿ ಹೇಳಿಕೊಂಡು ಕುಣಿದಿದ್ದಷ್ಟೇ."

ಮಾಲೀಕರು ಬೇರೆ ಕಡೆ ಹೋಗಿ ಮನೆ ಖಾಲಿ ಬಿದ್ದಿತ್ತು. ಬೀಗದ ಕೈ ಯಾರ ಯಾರ ಹತ್ತಿರ ಇತ್ತು ಎಂದು ಅತ್ತಿಗೆ ಕೇಳಿದರು. ಒಂದು ದಲ್ಲಾಳಿಯ ಬಳಿ. ಒಂದು ಪಕ್ಕದ ಮನೆಯವರ ಬಳಿ, ಕುಂಡಗಳಿಗೆ ನೀರು ಹಾಕಲು. ಕಟ್ಟಡದ ಮೇಸ್ತ್ರಿಯಾದ ಅವಳ ಅಣ್ಣ ಚರಂಡಿ ಪೈಪು ನೋಡಬೇಕೆಂದು ದಲ್ಲಾಳಿಯಿಂದ ಕೈ ಇಸಕೊಂಡು ಒಂದೆರಡು ವಾರ ಇಟ್ಟುಕೊಂಡಿದ್ದ.

ನಾನು ಆಗಲೇ ಕಳ್ಳನನ್ನು ಹಿಡಿದಾಗಿತ್ತು. ಪಕ್ಕದ ಮನೆಯ ಯಜಮಾನರಿಗೆ ನಮ್ಮಲ್ಲಿ ಗರಗಸದ ಮಾವ ಎಂದೇ ಹೆಸರು. ಆ ಮನೆಯ ಮುಂದೆ ಒಂದು ದೊಡ್ಡ ಮರ. ಅದರ ಎಲೆ ಉದುರಿದರೆ ಇವರಿಗೆ ತಲೆಯ ಮೇಲೆ ಆಕಾಶ ಬಿದ್ದಂತೆ. ಮರ ಕಡಿಸಲು ಬೇರೆಲ್ಲ ನೆಪ ಮುಗಿದು ಈಗ ಗೋಡೆಗೆ ಕೈ ಹಾಕಿದ್ದಾರೆ ಎಂದುಕೊಂಡೆ.

ನಾವು ಅಲ್ಲಿಗೆ ಹೋದಾಗ ಅವರು ಬೇಲಿಯಾಚೆ ಪೊರಕೆ ಹಿಡಿದು ನಿಂತಿದ್ದರು. ಯಾರೂ ಕೇಳದೆಯೇ, "ಬಿರುಕಿಗೂ ನನಗೂ ಸಂಬಂಧ ಇಲ್ಲ ನೋಡಿ. ಆ ಮರದ ಬೇರು ಮಾಡಿದ ಕೆಲಸ ಅದು," ಎಂದರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು," ಎಂದು ನಾನು ಪಿಸುಗುಟ್ಟಿದೆ.

"ಯಾರೂ ಇನ್ನೂ ಕಳ್ಳ ಅಂದೇ ಇಲ್ಲವಲ್ಲ ಮೈದುನ," ಎಂದು ಅತ್ತಿಗೆ ಒಳಗೆ ನಡೆದರು.

ಹಿಂದಿನ ಕೋಣೆಯಲ್ಲಿ ಬಿರುಕು ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದು, ಮಾಲೀಕರು ಭಾರವೆಂದು ಬಿಟ್ಟುಹೋಗಿದ್ದ ಮರದ ಬೀರುವಿನ ಹಿಂದೆ ಮರೆಯಾಗಿತ್ತು. ಅದರ ಮೇಲೆ ಅಡ್ಡಲಾಗಿ ಒಂದು ಚಿಕ್ಕ ಗಾಜಿನ ಪಟ್ಟಿ ಅಂಟಿಸಲಾಗಿತ್ತು. ಗೋಡೆ ಇನ್ನೂ ಜರುಗುತ್ತಿದ್ದರೆ ಗಾಜು ಬಿರಿಯುತ್ತದೆ ಎಂಬುದು ಕಟ್ಟಡದವರ ಹಳೆಯ ಪರೀಕ್ಷೆ. ಅಣ್ಣ ಅಂಟಿಸಿದ್ದ ಆ ಗಾಜು ವಾರದೊಳಗೆ ಒಡೆದಿತ್ತು. ಅದನ್ನು ನೋಡಿಯೇ ಅವನು "ಈ ಮನೆ ನಿನ್ನ ತಲೆ ಮೇಲೆ ಬೀಳುತ್ತೆ" ಎಂದು ತೀರ್ಪು ಕೊಟ್ಟಿದ್ದು.

ಅತ್ತಿಗೆ ಟಾರ್ಚು ತೆಗೆದುಕೊಂಡು ಆ ಗಾಜನ್ನೇ ಬಹಳ ಹೊತ್ತು ನೋಡಿದರು. ಅದರ ನಡುವೆ ಒಂದು ಬಿಳಿಯ ಚುಕ್ಕೆ. ಅಲ್ಲಿಂದ ಸುತ್ತಲೂ ಗೆರೆಗಳು ಹರಡಿದ್ದವು. ಆಮೇಲೆ ಹೊರಗೆ ಹೋಗಿ ಅದೇ ಗೋಡೆಯ ಹೊರಮೈ ಸವರಿದರು. ಮುಂದಿನ ಕೋಣೆಗಳ ಗೋಡೆಗಳನ್ನೂ ನೋಡಿದರು. ಕೊನೆಗೆ "ಬಾ, ಬೀರು ತಳ್ಳು," ಎಂದರು. ಇಬ್ಬರೂ ಸೇರಿ ತಳ್ಳುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಹಿಂದೆ ಇಣುಕಿ ನೋಡಿದ ಅತ್ತಿಗೆ, "ಸಹಿಗೆ ಬರೋರನ್ನೆಲ್ಲ ಈ ಕೋಣೆಗೇ ಕರಿ. ಬೇಲಿಯಾಚೆ ಇರೋರನ್ನೂ," ಎಂದರು.

ಸಂಜೆ ಎಲ್ಲರೂ ಸೇರಿದರು. ದಲ್ಲಾಳಿ ಕಾಗದದ ಚೀಲ ಅಪ್ಪಿಕೊಂಡಿದ್ದ, ಗರಗಸದ ಮಾವ ಮೂಗು ಏರಿಸಿದ್ದರು. ಅಣ್ಣ ಬಾಗಿಲಿಗೊರಗಿ ನಿಂತಿದ್ದ. ತಂಗಿ ಮಾತ್ರ ಕಿಟಕಿಯ ಹತ್ತಿರ, ತನ್ನ ಮೇಜು ಬರಬೇಕಾದ ಜಾಗದಲ್ಲೇ ನಿಂತಿದ್ದಳು.

"ಮೊದಲನೇದು, ಬೀರುವಿನ ಹಿಂದೆ ಗೋಡೆ ನುಣ್ಣಗಿದೆ," ಎಂದರು ಅತ್ತಿಗೆ. "ಗೋಡೆ ತಾನಾಗಿ ಬಿರಿದರೆ ಬೀರು ಅಡ್ಡ ಇದೆ ಅಂತ ನಿಲ್ಲುತ್ತಾ? ಉಳಿ ಹಿಡಿದ ಕೈ ನಿಲ್ಲುತ್ತೆ. ಹೊರಗಡೆ ಒಂದು ಗೆರೆಯೂ ಇಲ್ಲ. ಕೆತ್ತಿರೋದು ಗಾರೆ ಮಾತ್ರ, ಗೋಡೆ ಗಟ್ಟಿಯಾಗಿದೆ."

"ಹಾಗಾದ್ರೆ ಗಾಜು?" ಎಂದ ದಲ್ಲಾಳಿ.

"ಗೋಡೆ ಎಳೆದರೆ ಗಾಜು ಬಿರುಕಿನ ಗುಂಟ ಸೀಳುತ್ತೆ. ಇದು ಒಂದು ಚುಕ್ಕೆಯಿಂದ ಸುತ್ತ ಒಡೆದಿದೆ. ಯಾರೋ ಮೊಳೆ ಇಟ್ಟು ಕುಟ್ಟಿದ್ದಾರೆ."

ನಾನು ಗರಗಸದ ಮಾವನನ್ನು ದಿಟ್ಟಿಸಿದೆ. ಅತ್ತಿಗೆ ಅಲ್ಲವೆಂದು ತಲೆಯಾಡಿಸಿದರು. "ಇವರಿಗೆ ಬೇಕಾಗಿದ್ದು ಮರ ಬೀಳೋದು. ಮರ ಇರೋದು ಮನೆ ಮುಂದೆ. ಇವರಾಗಿದ್ದರೆ ಮುಂದಿನ ಗೋಡೆ ಒಡೀತಿದ್ದರು. ಅಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ."

"ಮರ ಕಡಿಸೋಕೆ ನನಗೆ ಬಾಯಿ ಸಾಕು, ಉಳಿ ಬೇಡ!" ಎಂದರು ಮಾವ ಗೆದ್ದವರಂತೆ.

"ಬಿರುಕು ಬಿದ್ದರೆ ಬೆಲೆ ಇಳಿದು ದಲ್ಲಾಳಿಗೇ ನಷ್ಟ. ಅದೂ ಅಲ್ಲದೆ ಈ ಕಿಟಕಿ ಮೇಲೆ ಅವಳ ಆಸೆ ಅವನಿಗೆ ಗೊತ್ತೇ ಇಲ್ಲ. ಒಡೆದವನಿಗೆ ಮನೆ ಹಾಳುಮಾಡೋದು ಬೇಕಿರಲಿಲ್ಲ, ಅವಳ ಮನಸ್ಸು ಮುರಿಯೋದು ಬೇಕಿತ್ತು. ಅದಕ್ಕೇ ಇಷ್ಟು ಗೋಡೆ ಬಿಟ್ಟು ಇದನ್ನೇ ಆರಿಸಿದ. ಅವಳು ಅದನ್ನ ಹೇಳಿದ್ದು ಒಂದೇ ಕಡೆ, ಊಟ ಬಡಿಸುವಾಗ. ಉಣ್ತಾ ಇದ್ದೋರು ಯಾರು, ಮೇಸ್ತ್ರಿ?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಣ್ಣ ಒರಗಿದ್ದ ಬಾಗಿಲು ಬಿಟ್ಟು ನೆಟ್ಟಗೆ ನಿಂತ. ಆಮೇಲೆ ಒಮ್ಮೆಲೇ ಸಿಡಿದ.

"ಹೌದು, ನಾನೇ! ನನ್ನ ಹೆಂಡತಿ ಸತ್ತಾಗಿಂದ ಮಕ್ಕಳನ್ನ ಬೆಳೆಸಿದ್ದು ಇವಳು. ಮಕ್ಕಳು ಹಾಸ್ಟೆಲಿಗೆ ಹೋದ್ರು. ಇವಳೂ ಹೋದ್ರೆ ಆ ಮನೇಲಿ ನಾನೊಬ್ಬನೇ ಗೋಡೆ ನೋಡ್ಕೊಂಡು ಕೂರ್ಬೇಕಾ? ಇವಳಿಗೇನು ಕಮ್ಮಿ ಮಾಡಿದ್ದೆ?"

ನನಗೆ ಅವನ ಮೇಲೆ ಕನಿಕರ ಬಂತು. ಮರುಗಳಿಗೆಯೇ ಆ ಷೆಡ್ಡು ನೆನಪಾಗಿ ಮೈ ಉರಿಯಿತು.

ತಂಗಿ ಅಳಲಿಲ್ಲ. "ಬೆಳಕು ಕಮ್ಮಿ ಮಾಡಿದ್ದೆ ಅಣ್ಣ," ಎಂದಳು. "ನಾನು ನಿನ್ನ ಬಿಟ್ಟು ಓಡಿಹೋಗ್ತಾ ಇರಲಿಲ್ಲ, ಎರಡು ಬೀದಿ ಆಚೆ ಬರ್ತಿದ್ದೆ. ಬೇಡ ಅಂತ ಬಾಯಿಬಿಟ್ಟು ಹೇಳಿದ್ದರೆ ಜಗಳ ಆಡಿಯಾದರೂ ಬರ್ತಿದ್ದೆ. ನೀನು ನನ್ನ ಹೆದರಿಸೋಕೆ ನೋಡಿದೆ."

ಅಣ್ಣನ ಮನೆಯ ಅಡಿಗೆಕೋಣೆಯ ಬೀಗದ ಕೈ ಸೊಂಟದಿಂದ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ನಾಳೆ ಹಾಲು ನೀನೇ ಕಾಯಿಸ್ಕೋ. ಈ ಗೋಡೆ ಒಡೆದಿದ್ದು ನೀನು, ಸರಿ ಮಾಡೋನೂ ನೀನೇ. ಕೂಲಿ ಕೊಡ್ತೀನಿ. ಒಳಗೆ ಬರೋಕೆ ಮುಂಚೆ ಬೆಲ್ ಮಾಡು, ಇದು ನನ್ನ ಮನೆ." ದಲ್ಲಾಳಿಯ ಕಡೆ ತಿರುಗಿ, "ಎಲ್ಲಿ ಸಹಿ?" ಎಂದಳು.

ಅವಳು ಆ ಮನೆ ಸೇರಿದ ಮೇಲೆ ಒಂದು ಭಾನುವಾರ ನಮ್ಮನ್ನು ಕಾಫಿಗೆ ಕರೆದಳು. ಬಿರುಕು ಹಾಗೇ ಇತ್ತು. ಅದರ ಮುಂದೆ ಮೇಜು, ಮೇಜಿನ ತುಂಬ ಬಿಚ್ಚಿಟ್ಟ ಗಡಿಯಾರಗಳು. ಭೂತಗಾಜು ಕಣ್ಣಿಗಿಟ್ಟುಕೊಂಡು ಅವಳು ಒಂದು ಸಣ್ಣ ಚಕ್ರ ಕೂರಿಸುತ್ತಿದ್ದಳು. ಅಷ್ಟರಲ್ಲಿ ಬೆಲ್ ಆಯಿತು.

ನಾನು ಬಗ್ಗಿ ನೋಡಿದೆ. ಗೇಟಿನ ಒಳಗೆ ಮೇಸ್ತ್ರಿ ಒಂದು ಕೈಯಲ್ಲಿ ಕರಣೆ, ಇನ್ನೊಂದರಲ್ಲಿ ಗಾರೆಯ ಬಕೆಟ್ಟು ಹಿಡಿದು ನಿಂತಿದ್ದ. ಬಾಗಿಲು ತೆಗೆಯಲು ಎದ್ದ ನನ್ನ ತೋಳನ್ನು ಅತ್ತಿಗೆ ಹಿಡಿದು ಕೂರಿಸಿದರು.

ಹುಡುಗಿ ಭೂತಗಾಜಿನಿಂದ ಕಣ್ಣು ತೆಗೆಯಲಿಲ್ಲ. ಚಕ್ರ ಕೂತು ಗಡಿಯಾರ ನಡೆಯತೊಡಗಿದ ಮೇಲೆ ಅದನ್ನು ಕಿವಿಗೆ ಹಿಡಿದು ಕೇಳಿದಳು. ಬೆಲ್ ಎರಡನೇ ಸಲ ಆಯಿತು. ಆಗ ಕೈ ಒರೆಸಿಕೊಂಡು ಬಾಗಿಲು ತೆಗೆಯಲು ಹೋದಳು.