ಮೊದಲ ಮನೆಯ ಜೋಗುಳ

ಲೋಕವಿನ್ನೂ ಮಾತು ಕಲಿಯದೆ ಸುಮ್ಮನಿದ್ದ ಕಾಲದಲ್ಲಿ ಮೊದಲ ದನಿಯಾಗಿ ಮೊಳಗಿದ ಸ್ವಾಮಿಗೆ ಕೈಮುಗಿದೆ. ಆ ದನಿಗೆ ರಾಗ ಕೊಟ್ಟ ತಾಯಿ ಶಾರದೆಗೆ ತಲೆಬಾಗಿದೆ. ನಾನು ಹೇಳುವ ಕತೆಯಲ್ಲಿ ತಪ್ಪಿದ್ದರೆ ಅದು ನನ್ನ ನಾಲಿಗೆಯದು, ಸವಿಯಿದ್ದರೆ ಅವರ ಕರುಣೆಯದು. ಕೇಳಿರಪ್ಪ, ಕೇಳಿರವ್ವ.

ಬಹಳ ಬಹಳ ಹಿಂದೆ, ಇಂಚರದುರ್ಗ ಎಂಬ ರಾಜ್ಯದಲ್ಲಿ, ಗವಿಬೆಟ್ಟದ ತುದಿಯಲ್ಲಿ ಸಂಪಗಿ ಎಂಬ ಹುಡುಗಿ ಒಬ್ಬಳೇ ಇದ್ದಳು. ಅವಳ ಮನೆಯಲ್ಲಿ ಗಾಜಿನ ಮುಖದ ಒಂದು ಹಾಡಿನ ಪೆಟ್ಟಿಗೆ ಇತ್ತು. ಅದರೊಳಗೆ ಹನ್ನೆರಡು ಸಾವಿರದ ನಾನೂರು ಮನೆಗಳು. ಒಂದೊಂದು ಮನೆಯಲ್ಲಿ ಒಂದೊಂದು ಹಾಡು, ಮಿಂಚುಹುಳದಷ್ಟು ಬೆಳಕಾಗಿ ಕೂತಿರುತ್ತಿತ್ತು. ಗಾಜಿನ ಮೇಲೆ ಬೆರಳಿಟ್ಟರೆ ಹಾಡು ಎದ್ದು ಹಾಡುತ್ತಿತ್ತು.

ಆ ಹಾಡುಗಳನ್ನು ಕೂಡಿಟ್ಟವನು ಅವಳ ಅಪ್ಪ ಬೊಮ್ಮಯ್ಯ. ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಇಪ್ಪತ್ತು ವರ್ಷ ಊರೂರು ನಡೆದವನು. ಅವನದೊಂದು ಪದ್ಧತಿ. ಹಾಡನ್ನು ತುಂಬುವ ಮೊದಲು ಅದು ಯಾರದು, ಯಾವಾಗಿನದು ಎಂದು ತನ್ನ ದನಿಯಲ್ಲಿ ಹೇಳುತ್ತಿದ್ದ. "ಇದು ಕಲ್ಲುಹಳ್ಳಿ ಈರವ್ವನ ಹಾಡು. ರಾಗಿ ಬೀಸುವಾಗ ಹಾಡಿದ್ದು. ಹೊರಗೆ ಕರು ಕೂಗ್ತಾ ಇತ್ತು." ಇಷ್ಟು ಹೇಳಿದ ಮೇಲೆಯೇ ಈರವ್ವನ ದನಿ. ಹಾಗೆ ಪ್ರತಿ ಹಾಡಿನ ತಲೆಯಲ್ಲೂ ಬೊಮ್ಮಯ್ಯ ಇದ್ದ.

ಅವನು ಶಿವನ ಪಾದ ಸೇರಿ ಮೂರು ವರ್ಷವಾಗಿತ್ತು. ಸಂಪಗಿ ಬೆಳಗ್ಗೆ ಎದ್ದು ಒಂದೇ ಒಂದು ಮುದ್ದೆ ತೊಳಸಿ, ತಟ್ಟೆ ಹಿಡಿದು ಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ಯಾವುದೋ ಮನೆಯ ಮೇಲೆ ಬೆರಳಿಡುತ್ತಿದ್ದಳು. "ಇದು ಸೀಗೆಕೊಪ್ಪದ ಚೌಡಮ್ಮನ ಹಾಡು. ಮಲ್ಲಿಗೆ ಕಟ್ತಾ ಹಾಡಿದ್ದು," ಎನ್ನುತ್ತಿದ್ದ ಅಪ್ಪ.

"ಹೌದೇನಪ್ಪ? ಮಲ್ಲಿಗೆ ಘಮ್ಮಂತಿತ್ತಾ?" ಎಂದು ಕೇಳುತ್ತಿದ್ದಳು.

ಹಾಡು ಶುರುವಾಗುತ್ತಿತ್ತು.

ಬೆಟ್ಟಕ್ಕೆ ಯಾರೂ ಬರುತ್ತಿರಲಿಲ್ಲ. ಯಾಕೆಂದರೆ ಮೇಘನೇತ್ರ ಎಂಬ ಮಾಂತ್ರಿಕ ರಾಜ್ಯದ ಮೇಲೆಲ್ಲ ಒಂದು ಬೂದು ಮೋಡ ಹರಡಿದ್ದ. "ಮನೆಯಲ್ಲಿ ಪೆಟ್ಟಿಗೆ ಯಾಕೆ ಕಾಯ್ತೀರಿ? ನಿಮ್ಮ ಹಾಡೆಲ್ಲ ನನ್ನ ಮೋಡಕ್ಕೆ ಕೊಡಿ. ಬೇಕೆಂದಾಗ ಸುರಿಸ್ತೀನಿ," ಎಂದಿದ್ದ. ಜನ ಕೊಟ್ಟರು. ಹಾಡುಗಳು ಮೇಲೇರುವಾಗ ಅವನು ಕತ್ತರಿ ಹಿಡಿದು ಅವುಗಳ ಹೆಸರನ್ನು ಕತ್ತರಿಸಿ ಎಸೆದ. ಹೆಸರು ಹೋದ ಹಾಡು ತಾನು ಯಾರ ಮನೆಯದೆಂದು ಮರೆತು ಅವನು ಹೇಳಿದಂತೆ ಕೇಳಿತು. ಅಂದಿನಿಂದ ಎಲ್ಲರ ಮೇಲೂ ಅವವೇ ನಲವತ್ತು ಹಾಡು ತೊಟ್ಟಿಕ್ಕುತ್ತಿದ್ದವು. ಒಬ್ಬರ ಮನೆಗೆ ಒಬ್ಬರು ಹಾಡಲು ಹೋಗುವುದು ನಿಂತಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಜಿನುಗಿನ ಕೆಳಗೆ ಒಬ್ಬೊಬ್ಬರೇ ನಿಂತಿರುತ್ತಿದ್ದರು.

ಹೀಗಿರಲು ಒಂದು ದಿನ ಸಂಪಗಿಯ ಪೆಟ್ಟಿಗೆಗೆ ಕಾಯಿಲೆಯಾಯಿತು. ಅವಳು ಬೆಟ್ಟ ಇಳಿದು, ಪೆಟ್ಟಿಗೆ ಮಾಡುವ ಮುದುಕ ವೀರಾಚಾರಿಯ ಅಂಗಡಿಗೆ ಹೋದಳು.

"ಏನಮ್ಮ ಸಂಪಗಿ, ಮದುವೆ ಊಟಕ್ಕೆ ಕರೆಯೋಕೆ ಬಂದೆಯೋ?" ಎಂದ ಆಚಾರಿ.

"ಪೆಟ್ಟಿಗೆ ಬಿಸಿಯಾಗ್ತದೆ ಮಾವ. ಹಾಡು ನಡುವೆ ಎಡವ್ತದೆ. ತಟ್ಟಿದರೆ ಏಳ್ತದೆ."

"ನಾನೂ ಹಾಗೇ ಕಣಮ್ಮ, ನಿಮ್ಮತ್ತೆ ತಟ್ಟಿದರೇನೇ ಏಳೋದು. ನಮ್ಮಿಬ್ಬರಿಗೂ ವಯಸ್ಸಾಯ್ತು." ನಕ್ಕವನು ಮತ್ತೆ ನಗಲಿಲ್ಲ. "ಆ ಪೆಟ್ಟಿಗೆಗೆ ಇನ್ನು ನಲವತ್ತು ದಿನ ಆಯಸ್ಸು. ಹೊಸದು ಕೊಡ್ತೀನಿ, ತಗೊಂಡು ಹೋಗು. ಎರಡಕ್ಕೂ ನಡುವೆ ಈ ತಾಮ್ರದ ತಂತಿ ಕಟ್ಟು. ಒಂದೊಂದೇ ಹಾಡನ್ನ ಕರೆದು ದಾಟಿಸು. ಅವಸರ ಮಾಡಬೇಡ."

ಹೊಸ ಪೆಟ್ಟಿಗೆ ಹಲಸಿನ ಮರದ್ದು, ಅರಗಿನ ವಾಸನೆ ಇನ್ನೂ ಆರಿರಲಿಲ್ಲ. ಸಂಪಗಿ ದೇವರಿಗೆ ದೀಪ ಹಚ್ಚಿ, ಎರಡು ಪೆಟ್ಟಿಗೆಗೂ ಕುಂಕುಮವಿಟ್ಟು, ತಂತಿ ಕಟ್ಟಿದಳು. ಹಾಡುಗಳು ಇರುವೆಸಾಲಿನಂತೆ ತಂತಿಯ ಮೇಲೆ ಹೊರಟವು.

ಅವಳು ಕೊನೆಯ ಮನೆಯಿಂದ ಶುರುಮಾಡಿದ್ದಳು. ಅಪ್ಪ ಕಡೆಗಾಲದಲ್ಲಿ ಆಡಿದ ದನಿ ಅಲ್ಲಿತ್ತಲ್ಲ, ಅದು ಮೊದಲು ದಾಟಲಿ ಎಂದು. ಪ್ರತಿ ಹಾಡಿನ ತಲೆಯಷ್ಟೇ ಕೇಳಿ, ಹೆಸರು ಸರಿಯಾಗಿದೆಯೆಂದು ನೋಡಿ, ಕಳಿಸಿಬಿಡುತ್ತಿದ್ದಳು. ದಿನ ಕಳೆದಂತೆ ಅಪ್ಪ ಎಳೆಯನಾಗುತ್ತ ಹೋದ. ಮೊದಲು ಕೆಮ್ಮು ಹೋಯಿತು. ಆಮೇಲೆ ಏದುಸಿರು ಹೋಯಿತು. ಮೂವತ್ತನೆಯ ದಿನ ಅವನ ದನಿ ಅವಳಿಗಿಂತ ನಾಲ್ಕು ವರ್ಷ ದೊಡ್ಡವನ ದನಿಯಂತಿತ್ತು. ಇದು ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ ಎಂದು ಅವಳಿಗೆ ಗೊತ್ತಾಗಿ ಕಣ್ಣು ಒರೆಸಿಕೊಂಡಳು.

ಮೂವತ್ತೇಳನೆಯ ದಿನ ಒಂದೇ ಒಂದು ಮನೆ ಉಳಿಯಿತು. ಎಲ್ಲಕ್ಕಿಂತ ಮೊದಲ ಮನೆ, ಅವಳು ಇದುವರೆಗೂ ಬೆರಳಿಡದಿದ್ದ ಮನೆ.

ಬೆರಳಿಟ್ಟಳು. ಅಪ್ಪ ಮಾತಾಡಲಿಲ್ಲ. ಹೆಸರಿಲ್ಲ, ಊರಿಲ್ಲ. ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ ಯಾರೋ ಹೆಂಗಸು ತಗ್ಗಿದ ದನಿಯಲ್ಲಿ ಶುರುಮಾಡಿದಳು: "ಮೊಲ್ಲೆ ಅರಳೋ ಹೊತ್ತು, ಮಲಗೋ ನನ್ನ ಮುತ್ತು..."

ಆ ಜೋಗುಳ ಬೇರೆ ಬೇರೆ ಊರಿನ ಆರು ಜನರ ದನಿಯಲ್ಲಿ ಆಗಲೇ ಹೊಸ ಪೆಟ್ಟಿಗೆ ಸೇರಿತ್ತು. ಹಳೆಯ ಪೆಟ್ಟಿಗೆ ಕೆಂಡದಂತೆ ಕಾದಿತ್ತು. ಕಿಟಕಿಯಲ್ಲಿ ಒಂದು ಬೂದು ಗಿಳಿ ಬಂದು ಕೂತಿತು. ಅದು ಮೋಡ ಸೇರದ ಹಾಡುಗಳ ಮೇಲೆ ಕಣ್ಣಿಟ್ಟಿದ್ದ ಮೇಘನೇತ್ರನ ಮಾಯೆಯ ಗಿಳಿ.

"ಒಂದೇ ಹಾಡು ಏಳು ಸಲ! ಸೊಸೆ ಏಳು ಸಲ ಉಪ್ಪು ಹಾಕಿದ ಹಾಗಾಯ್ತು!" ಎಂದು ಗಿಳಿ ನಕ್ಕಿತು. "ಅದರಲ್ಲೂ ಇದಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ್ದು ಯಾರದ್ದೂ ಅಲ್ಲ. ಪೆಟ್ಟಿಗೆ ಸಿಡಿಯೋದರೊಳಗೆ ಹೊರಗೆ ಕಳಿಸಿಬಿಡು ಹುಡುಗಿ."

ನೋಡಿ, ದೇವರು ಮನುಷ್ಯರಿಗೆ ಕಿವಿ ಎರಡು ಕೊಟ್ಟ. ಆದರೂ ದಣಿದವರಿಗೆ ಹತ್ತಿರದ ಮಾತು ಮಾತ್ರ ಕೇಳಿಸುತ್ತದೆ. ಸಂಪಗಿ ಪೆಟ್ಟಿಗೆಯ ಪಕ್ಕದಲ್ಲಿದ್ದ ಹಿತ್ತಾಳೆ ಕೀಲಿ ತಿರುವಿದಳು. ಬೇಡದ ಹಾಡನ್ನು ಹೊರಗೆ ಕಳಿಸುವ ಕೀಲಿ ಅದು. ಮೊದಲ ಮನೆ ಕತ್ತಲಾಯಿತು. ಗಿಳಿ ಹಾರಿಹೋಯಿತು.

ಮಧ್ಯಾಹ್ನ ವೀರಾಚಾರಿ ಏದುತ್ತ ಬೆಟ್ಟ ಹತ್ತಿ ಬಂದ.

"ಎಲ್ಲ ದಾಟಿತೇನಮ್ಮ? ನಿಮ್ಮವ್ವ ಸುಖವಾಗಿ ಹೊಸ ಮನೆ ಸೇರಿದಳಾ?"

"ಯಾವ ಅವ್ವ, ಮಾವ?"

"ಯಾವ ಅವ್ವ ಅಂದರೆ? ನಿನ್ನ ಹೆತ್ತವಳು ಮಾಯವ್ವ. ನೀನು ತೊಟ್ಟಿಲಲ್ಲಿದ್ದಾಗಲೇ ಹೋದಳಲ್ಲ. ಅವಳ ದನಿ ಉಳೀಲಿ ಅಂತಲೇ ಬೊಮ್ಮಯ್ಯ ಈ ಪೆಟ್ಟಿಗೆ ನನ್ನ ಕೈಲಿ ಮಾಡಿಸಿದ್ದು. ಮೊದಲ ಮನೆ ಅವಳದೇ."

ಸಂಪಗಿ ಕತ್ತಲಾದ ಮೊದಲ ಮನೆಯ ಕಡೆ ತಿರುಗಿದಳು. "ಅದಕ್ಕೆ ಹೆಸರಿರಲಿಲ್ಲ ಮಾವ! ತಲೆಯಲ್ಲಿ ಅಪ್ಪ ಏನೂ ಹೇಳಿರಲಿಲ್ಲ! ಹೊರಗೆ ಕಳಿಸಿಬಿಟ್ಟೆ!"

"ಹೇಗೆ ಹೇಳ್ತಾನೆ? ಅವಳು ಹಾಸಿಗೆ ಹಿಡಿದು ಹಾಡ್ತಾ ಇದ್ದಳು. ಇವನ ಗಂಟಲು ಕಟ್ಟಿತ್ತು. ಹಾಡು ಮುಗಿದ ಮೇಲೆ ಹೇಳಿದ. ನಾನು ಪಕ್ಕದಲ್ಲೇ ಇದ್ದೆ."

"ಏನು ಹೇಳಿದ?"

"ಅದು ನನಗೆ ಹೇಳಿದ್ದಲ್ಲ ತಾಯಿ, ನಿನಗೆ," ಎಂದ ಆಚಾರಿ. ಅವಳು ಅಳುವುದನ್ನು ನೋಡಿ ತಲೆಯ ಮೇಲೆ ಕೈಯಿಟ್ಟ. "ಕೇಳು. ಹೊರಗೆ ಕಳಿಸಿದ ಹಾಡು ತಕ್ಷಣ ಹೋಗೋದಿಲ್ಲ. ಬೇರೆ ಹಾಡು ಬಂದು ಅದರ ಜಾಗದಲ್ಲಿ ಕೂರೋವರೆಗೆ ಹೊಸಿಲಲ್ಲೇ ನಿಂತಿರ್ತದೆ. ಮೂರು ದಿನ ಈ ಮನೆಯಲ್ಲಿ ಒಂದು ಹಾಡೂ ಕೇಳಬಾರದು. ಹಳೇ ಪೆಟ್ಟಿಗೆ, ಹೊಸ ಪೆಟ್ಟಿಗೆ, ನಿನ್ನ ಗಂಟಲು, ಎಲ್ಲ ಸುಮ್ಮನಿರಬೇಕು. ಆಗ ತಿರುಗಿ ಬಂದೀತು. ಪೆಟ್ಟಿಗೆಗೂ ಉಳಿದಿರೋದು ಮೂರೇ ದಿನ. ಒಬ್ಬಳೇ ಇರ್ತೀಯಾ?"

"ಒಬ್ಬಳೇ ಇದ್ದು ಅಭ್ಯಾಸವಿದೆ ಮಾವ," ಎಂದಳು ಸಂಪಗಿ.

ಆದರೆ ಅವಳಿಗೆ ಅಭ್ಯಾಸವಿರಲಿಲ್ಲ. ಇಷ್ಟು ದಿನ ಅಪ್ಪನ ದನಿ ಇತ್ತು. ಈಗ ಮುದ್ದೆ ಮುರಿಯುವ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು. ಅವಳು "ತಾಯಿ, ನೀನೇ ಗತಿ" ಎಂದು ಮನಸ್ಸಿನಲ್ಲೇ ಶಾರದೆಯನ್ನು ನೆನೆದು ಗಾಜಿಗೆ ಕಿವಿಯಿಟ್ಟು ಕೂತಳು.

ಮೊದಲ ದಿನ ಗಿಳಿ ಬಂತು. "ಖಾಲಿ ಪೆಟ್ಟಿಗೆ ಮನೆಗೆ ಒಳ್ಳೇದಲ್ಲ ಹುಡುಗಿ. ಬೇಸರ ಕಳೆಯೋಕೆ ಒಂದೇ ಒಂದು ಹಾಡು ಇಟ್ಟುಕೋ. ಕುಣಿಯೋ ಹಾಡು ತಂದಿದ್ದೀನಿ," ಎಂದಿತು.

"ನಿನ್ನ ಮಾತು ಒಂದು ಸಲ ಕೇಳಿದ್ದು ಸಾಕು," ಎಂದು ಸಂಪಗಿ ಕಿಟಕಿ ಮುಚ್ಚಿದಳು.

ಎರಡನೆಯ ದಿನ ಬಾಗಿಲಲ್ಲಿ ಬಳೆಯ ಸದ್ದಾಯಿತು. ಏಳು ಜನ ಹೆಂಗಸರು ಅರಿಶಿನ ಕುಂಕುಮ ಹಿಡಿದು ನಿಂತಿದ್ದರು. ಮೂರು ವರ್ಷದಲ್ಲಿ ಆಚಾರಿಯನ್ನು ಬಿಟ್ಟು ಯಾರೂ ಆ ಹೊಸಿಲು ತುಳಿದಿರಲಿಲ್ಲ. ಸಂಪಗಿ ಬಾಗಿಲು ಪೂರ್ತಿ ತೆರೆದಳು.

"ಪಾಪ, ಒಬ್ಬಳೇ ಇದ್ದೀಯಲ್ಲೇ! ನಾವು ದಿನಾ ಬರ್ತೀವಿ. ನಮ್ಮ ಜೊತೆ ಒಂದು ಹಾಡು ಹೇಳು, ಬಾ," ಎಂದರು.

ಅವಳ ತುಟಿ ತೆರೆಯಿತು. ಹಾಡು ಹಲ್ಲಿನವರೆಗೂ ಬಂತು. ಅದನ್ನು ನುಂಗಿ ಚಾಪೆ ಹಾಸಿದಳು. "ಕೂತ್ಕೊಳ್ಳಿ ಅಕ್ಕ. ಬೆಲ್ಲ, ನೀರು ಕೊಡ್ತೀನಿ. ಹಾಡು ಮಾತ್ರ ಬೇಡ. ನನ್ನ ಜೊತೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ."

ಅವರು ಮಾಂತ್ರಿಕನ ಮೋಡದಿಂದ ಆದವರು. ಸುಮ್ಮನಿರುವುದು ಅವರಿಗೆ ಬರುತ್ತಿರಲಿಲ್ಲ. ಕೂತ ಕೂತಲ್ಲೇ ತೆಳ್ಳಗಾಗಿ, ಹೊಗೆಯಾಗಿ, ಚಾಪೆಯ ಮೇಲೆ ಒದ್ದೆ ಗುರುತು ಬಿಟ್ಟು ಹೋದರು. ಸಂಪಗಿ ಏಳು ತುಂಡು ಬೆಲ್ಲವನ್ನು ಮತ್ತೆ ಡಬ್ಬಿಗೆ ಹಾಕಿದಳು. ಅವರು ನಿಜವಲ್ಲವೆಂದು ತಿಳಿದ ಮೇಲೂ ಬಹಳ ಹೊತ್ತು ಬಾಗಿಲು ನೋಡುತ್ತಿದ್ದಳು.

ಮೂರನೆಯ ದಿನ ಅಂಗಳದಿಂದ ಅಪ್ಪನ ದನಿ ಕೇಳಿತು. "ಮಗಳೇ ಸಂಪಗಿ, ನಾನು ಕಣಮ್ಮ. ಒಂದು ಹಾಡು ತಂದಿದ್ದೀನಿ. ಹಳೇ ಪೆಟ್ಟಿಗೆಯಲ್ಲಿಡು, ನಾನು ಒಳಗೆ ಬರ್ತೀನಿ."

ಅದೇ ದನಿ. ಅದೇ ಕೆಮ್ಮು. ಅವಳು ಓಡಿಹೋಗಿ ಅಗುಳಿಗೆ ಕೈಹಾಕಿದಳು. ಹಾಕಿದ ಕೈ ಹಾಗೇ ನಿಂತಿತು.

"ಅಪ್ಪ, ಯಾರ ಹಾಡದು?"

"ಚೆಂದದ ಹಾಡು ಮಗಳೇ."

"ಎಲ್ಲಿ ಹಾಡಿದ್ದು? ಆಗ ಹೊರಗೆ ಏನಾಗ್ತಿತ್ತು?"

"ಅದೆಲ್ಲ ಯಾಕಮ್ಮ? ಹಾಡಿದ್ದರೆ ಸಾಲದೇ?"

ಸಂಪಗಿ ಅಗುಳಿಯಿಂದ ಕೈ ತೆಗೆದಳು. "ನಮ್ಮಪ್ಪ ಹೆಸರು ಹೇಳದೆ ಯಾರ ಹಾಡನ್ನೂ ಮನೆಯೊಳಗೆ ತಂದವನಲ್ಲ. ನೀನು ಯಾರೋ ಬೇರೆ. ಹೋಗು," ಎಂದಳು. ಹೇಳಿ, ಬಾಗಿಲಿಗೆ ಒರಗಿ ಅತ್ತಳು. ಸುಳ್ಳು ದನಿಯಾದರೂ ಅದನ್ನು ಕಳಿಸುವುದು ಸುಲಭವಾಗಿರಲಿಲ್ಲ.

ಹೊರಗೆ ಮೇಘನೇತ್ರ ಕಾಲು ನೆಲಕ್ಕೆ ಅಪ್ಪಳಿಸಿ ಮೋಡ ಸೇರಿದ. ಹೆಸರುಗಳನ್ನೆಲ್ಲ ತಾನೇ ಕತ್ತರಿಸಿ ಎಸೆದಿದ್ದನಲ್ಲ, ಹೇಳಲು ಅವನ ಬಳಿ ಒಂದೂ ಇರಲಿಲ್ಲ.

ಸಂಜೆಯ ಬಿಸಿಲು ಗಾಜಿನ ಮೇಲೆ ಬಿದ್ದಾಗ ಮೊದಲ ಮನೆಯಲ್ಲಿ ಎಳ್ಳುಕಾಳಿನಷ್ಟು ಬೆಳಕು ಕಂಡಿತು. ಸಂಪಗಿ ಅದರ ಮೇಲೆ ಬೆರಳಿಟ್ಟಳು.

"ಮೊಲ್ಲೆ ಅರಳೋ ಹೊತ್ತು, ಮಲಗೋ ನನ್ನ ಮುತ್ತು..."

ಈ ಸಲ ಅವಳು ಕೊನೆಯವರೆಗೂ ಕೇಳಿದಳು. ನಡುವೆ ಒಂದು ಮಗು ಆಕಳಿಸಿತು. ಹಾಡುವವಳು ನಿಲ್ಲಿಸಿ, ನಕ್ಕು, ಮತ್ತೆ ಎತ್ತಿಕೊಂಡಳು. ಹಾಡು ಮುಗಿಯಿತು. ಬಹಳ ಹೊತ್ತಾದ ಮೇಲೆ ಒಬ್ಬ ಯುವಕ ಗಂಟಲು ಸರಿಮಾಡಿಕೊಂಡ.

"ಇದು... ಇದು ಮಾಯವ್ವನ ಹಾಡು. ಮಗಳು ಸಂಪಗಿಗೆ ಹಾಡಿದ್ದು. ಹೊರಗೆ ಏನೂ ಸದ್ದಿರಲಿಲ್ಲ. ಎಲ್ಲರೂ ಕೇಳ್ತಾ ಇದ್ದರು. ಸಂಪಗೀ, ನೀನು ನಿದ್ದೆ ಮಾಡಿದೆ ಕಣಮ್ಮ. ಅವಳು ನೋಡಿದಳು."

ಸಂಪಗಿ ಆ ಬೆಳಕನ್ನು ತಂತಿಯ ಮೇಲೆ ಕಳಿಸಿದಳು. ಅದು ದಾಟಿ, ಹೊಸ ಪೆಟ್ಟಿಗೆಯ ಮೊದಲ ಮನೆಯಲ್ಲಿ ಕೂತಿತು. ಹಳೆಯ ಪೆಟ್ಟಿಗೆ ಒಮ್ಮೆ ನಿಟ್ಟುಸಿರಿಟ್ಟು ತಣ್ಣಗಾಯಿತು. ಅವಳು ಅದಕ್ಕೆ ಹೂವಿಟ್ಟು ನಮಸ್ಕರಿಸಿದಳು.

ಬೆಳಗಾದ ಮೇಲೆ ಹೊಸ ಪೆಟ್ಟಿಗೆಯನ್ನು ಬೆಟ್ಟದ ಅಂಚಿಗೆ ಹೊತ್ತೊಯ್ದು, ಎಲ್ಲ ಮನೆಗಳನ್ನೂ ಒಟ್ಟಿಗೆ ತೆರೆದಳು. ಬೊಮ್ಮಯ್ಯನ ದನಿ ಹನ್ನೆರಡು ಸಾವಿರದ ನಾನೂರು ಹೆಸರು ಕೂಗಿತು. ಈರವ್ವನ ಹಾಡು! ಚೌಡಮ್ಮನ ಹಾಡು! ಮೋಡದೊಳಗೆ ಸೆರೆಯಾಗಿದ್ದ ಹಾಡುಗಳು ತಮ್ಮ ಹೆಸರು ಕೇಳಿ ಬೆಚ್ಚಿಬಿದ್ದವು. ತಾವು ಯಾರೆಂದು ನೆನಪಾಗಿ, ಮಳೆಯಾಗಿ ತಮ್ಮ ತಮ್ಮ ಮನೆಯ ಹೆಂಚಿನ ಮೇಲೆ ಇಳಿದವು. ಆಕಾಶ ನೀಲಿಯಾಯಿತು.

ಜನ ಬೆಟ್ಟ ಹತ್ತಿ ಬಂದರು. "ನಮ್ಮಜ್ಜಿಯ ಹಾಡು ಇದೆಯಂತಲ್ಲ ತಾಯಿ, ಇನ್ನೊಂದು ಸಲ ಕೇಳಿಸ್ತೀಯಾ?" ಎಂದರು. ಡಬ್ಬಿಯ ಬೆಲ್ಲ ಅಂದು ಸಾಲಲಿಲ್ಲ.

ಎಲ್ಲರ ಹಿಂದೆ ಒಬ್ಬ ಬಡಕಲು ಮುದುಕ ನಿಂತಿದ್ದ. ಮೋಡವಿಲ್ಲದ ಮೇಘನೇತ್ರ ಅಷ್ಟೇ. "ನನ್ನ ಹೆಸರಿನಲ್ಲಿ ಒಂದೂ ಇಲ್ಲವೇ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ ತಾತ. ನಿಮ್ಮ ಹತ್ತಿರ ಯಾರೂ ಕೇಳಲೇ ಇಲ್ಲವೇನೋ. ಕೂತ್ಕೊಳ್ಳಿ," ಎಂದಳು ಸಂಪಗಿ. ಅವನು ಒಡೆದ ದನಿಯಲ್ಲಿ ಎರಡೇ ಸಾಲು ಹಾಡಿದ. ಅದಕ್ಕೆ ಮುಂಚೆ ಅವಳು ಪೆಟ್ಟಿಗೆಗೆ ಬಾಯಿಟ್ಟು, ಮೊದಲ ಬಾರಿಗೆ ತನ್ನ ದನಿಯಲ್ಲಿ ಹೇಳಿದಳು: "ಇದು ಮೇಘನೇತ್ರ ತಾತನ ಹಾಡು. ಗವಿಬೆಟ್ಟದಲ್ಲಿ ಹಾಡಿದ್ದು. ಹೊರಗೆ ಬಿಸಿಲಿತ್ತು."

ಅಂದಿನಿಂದ ಇಂಚರದುರ್ಗದ ಜನ ಒಬ್ಬರ ಮನೆಗೆ ಒಬ್ಬರು ಹೋಗಿ ಹಾಡಿಕೊಂಡು ಸುಖವಾಗಿದ್ದರು. ಸಂಪಗಿಯೂ ಸುಖವಾಗಿದ್ದಳು. ದಿನಾ ಬೆಳಗ್ಗೆ ಯಾರೂ ಬರುವ ಮುಂಚೆ ಮಾತ್ರ ಮೊದಲ ಮನೆಯ ಮೇಲೆ ಬೆರಳಿಟ್ಟು, ಕೊನೆಯವರೆಗೂ ಕೇಳುತ್ತಿದ್ದಳು.

ಈ ಕತೆಯನ್ನು ಕೊನೆಯವರೆಗೂ ಕೇಳಿದ ನಿಮ್ಮ ಕಿವಿ ತಂಪಾಗಿರಲಿ. ನಿಮ್ಮನ್ನು ಮಲಗಿಸಿದ ದನಿಯನ್ನು ದೇವರು ಎಲ್ಲೋ ಒಂದು ಮನೆಯಲ್ಲಿ ಜೋಪಾನವಾಗಿ ಇಟ್ಟಿರಲಿ. ಒಬ್ಬರೇ ಇರುವವರ ಬಾಗಿಲಿಗೆ ಹೆಸರು ಹಿಡಿದು ಕರೆಯುವವರು ಬರಲಿ. ಎಲ್ಲರಿಗೂ ಒಳ್ಳೆಯದಾಗಲಿ.